ಪಿಂಗಾಣಿ ತಟ್ಟೆಗೆ ಬಣ್ಣ ಹತ್ತದಿದ್ದರೆ

ನಿವೃತ್ತಿಯ ಬೀಳ್ಕೊಡುಗೆಯಿಂದ ಶಾಲಾ ವಾರ್ಷಿಕೋತ್ಸವದವರೆಗೆ ಫೋಟೊ ಅಚ್ಚಾದ ಪಿಂಗಾಣಿ ತಟ್ಟೆ ಈಗ ಬಲು ಬೇಡಿಕೆಯ ನೆನಪಿನ ಕಾಣಿಕೆ. ಸಣ್ಣ ಊರಿನ ಸ್ಟುಡಿಯೊಗಳಲ್ಲೂ ಹೀಟ್ ಪ್ರೆಸ್ ಬಂದು ಕೂತಿದೆ. ಆದರೆ ಟೀ ಶರ್ಟಿಗೆ ಸಲೀಸಾಗಿ ಅಚ್ಚು ಹಾಕುವ ಕೈ ತಟ್ಟೆ ಎಂದೊಡನೆ ತಡವರಿಸುತ್ತದೆ. ಮುಖ ಮಸುಕು, ಅಕ್ಷರಕ್ಕೆ ಜೋಡಿ ನೆರಳು, ಕಪ್ಪು ಕೂದಲು ಕಂದು!

ಸಬ್ಲಿಮೇಷನ್ ಶಾಯಿಯಲ್ಲಿ ಚಿತ್ರವನ್ನು ಎಡಬಲ ಅದಲುಬದಲಾಗಿಸಿ ಕಾಗದಕ್ಕೆ ಮುದ್ರಿಸುತ್ತಾರೆ. ಶಾಖ ತಾಳುವ ಟೇಪಿನಿಂದ ಅದನ್ನು ತಟ್ಟೆಗೆ ಬಿಗಿದು ಪ್ರೆಸ್‌ಗೆ ಇಡುತ್ತಾರೆ. 180ರಿಂದ 200 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಬಣ್ಣ ನೇರವಾಗಿ ಅನಿಲವಾಗಿ, ಪಿಂಗಾಣಿಯ ಮೇಲಿನ ಪಾಲಿಯೆಸ್ಟರ್ ಲೇಪನದೊಳಗೆ ಇಳಿಯುತ್ತದೆ. ಪಾತ್ರೆ ಅಂಗಡಿಯ ಸಾದಾ ತಟ್ಟೆಗೆ ಆ ಲೇಪನವೇ ಇರುವುದಿಲ್ಲ. ಎಷ್ಟು ಕಾಯಿಸಿದರೂ ಅಚ್ಚು ನಿಲ್ಲದು.

ಲೇಪನವಿದ್ದೂ ಚಿತ್ರ ಮಸುಕಾದರೆ ಶಾಖ ಸಾಲದೆಂದು ತಿಳಿಯಬೇಕು. ಯಂತ್ರದ ಪರದೆ ತೋರಿಸುವುದು ಪ್ರೆಸ್‌ನ ಬಿಸಿಯನ್ನು. ದಪ್ಪ ಪಿಂಗಾಣಿ ಅಷ್ಟು ಕಾಯಲು ಮೂರರಿಂದ ಐದು ನಿಮಿಷವಾದರೂ ಹಿಡಿಯುತ್ತದೆ. ನಡುಭಾಗ ಮಾತ್ರ ಪೇಲವವಾದರೆ ಅಲ್ಲಿ ಕಾಗದ ತಟ್ಟೆಗೆ ತಾಗಿಲ್ಲ. ಆಗ ಒತ್ತಡ ಹೆಚ್ಚಿಸಿದರೆ ತಟ್ಟೆ ಸೀಳಬಹುದು, ತಗ್ಗಿಗೆ ಹೊಂದುವ ಸಿಲಿಕೋನ್ ಪ್ಯಾಡ್ ಇಡುವುದೇ ಸರಿ. ಹೊತ್ತು ಮೀರಿದರೆ ಕಪ್ಪು ಕಂದಾಗುತ್ತದೆ, ಬಿಳಿ ಲೇಪನ ಹಳದಿಗೆ ತಿರುಗುತ್ತದೆ.

ನಮ್ಮ ಕರಾವಳಿ, ಮಲೆನಾಡಿನಲ್ಲಿ ಮಳೆಗಾಲವೇ ದೊಡ್ಡ ತೊಂದರೆ. ಹೊರಗಿಟ್ಟ ಕಾಗದ ತೇವ ಹೀರಿಕೊಳ್ಳುತ್ತದೆ. ಪ್ರೆಸ್ ಮುಚ್ಚಿದೊಡನೆ ಆ ತೇವ ಆವಿಯಾಗಿ ಬಣ್ಣವನ್ನು ಪಕ್ಕಕ್ಕೆ ತಳ್ಳುತ್ತದೆ. ಹೆಸರಿನ ಅಕ್ಷರಗಳ ಸುತ್ತ ನೀಲಿ ಮಂಜು ಹರಡುತ್ತದೆ, ಅಲ್ಲಲ್ಲಿ ಮಚ್ಚೆ ಬೀಳುತ್ತದೆ. ಕಾಗದವನ್ನು ಸಿಲಿಕಾ ಜೆಲ್ ಜೊತೆ ಗಾಳಿಯಾಡದ ಡಬ್ಬಿಯಲ್ಲಿಡಬೇಕು. ಅಂಟಿಸುವ ಮೊದಲು ಮುದ್ರಿತ ಹಾಳೆಯನ್ನು ಬಿಸಿ ಪ್ರೆಸ್‌ನ ಕೆಳಗೆ, ಮುಟ್ಟಿಸದೆ, ಕೆಲವು ಕ್ಷಣ ಹಿಡಿದರೆ ಉಳಿದ ತೇವವೂ ಹೋಗುತ್ತದೆ. ಇಷ್ಟು ಮಾಡಲು ಸಮಯ ಕೊಟ್ಟವರ ತಟ್ಟೆಗಳು ಹಾಳಾಗುವುದು ಬಹಳ ಕಡಿಮೆ.

ಜೋಡಿ ನೆರಳಿಗೆ ಕಾರಣ ಕಾಗದ ಜಾರಿದ್ದು. ತಟ್ಟೆ ಬಿಸಿಯಿದ್ದಷ್ಟು ಹೊತ್ತೂ ಬಣ್ಣ ಹೊಮ್ಮುತ್ತಲೇ ಇರುತ್ತದೆ. ಕೈಗವಸು ತೊಟ್ಟು ಕಾಗದವನ್ನು ಒಂದೇ ಎಳೆತಕ್ಕೆ ತೆಗೆಯಬೇಕು. ಬೇಗ ಆರಲೆಂದು ತಣ್ಣೀರಿಗೆ ಅದ್ದಿದರೆ ಪಿಂಗಾಣಿ ಬಿರಿಯಬಹುದು.

ಕೆಟ್ಟ ತಟ್ಟೆಯನ್ನು ಕೂಡಲೇ ಎಸೆಯುವುದೂ ನಷ್ಟವೇ. ಅದರ ಹಿಂಬದಿಗೆ ಶಾಖ, ಸಮಯ ಬರೆದಿಟ್ಟು, ಮುಂದಿನದರಲ್ಲಿ ಒಂದನ್ನಷ್ಟೇ ಬದಲಿಸಿದರೆ ತಪ್ಪು ಎಲ್ಲಿದೆ ಎಂಬುದು ತಾನಾಗಿ ತಿಳಿಯುತ್ತದೆ.

ಮಾಡಿಸಿಕೊಂಡವರಿಗೂ ಒಂದು ಮಾತು: ಇಂಥ ತಟ್ಟೆ ಅಲಂಕಾರಕ್ಕೆ. ಚಾಕು, ತಂತಿಬ್ರಷ್ಷು ತಾಗಿಸಬೇಡಿ. ನೇರ ಬಿಸಿಲು ಬೀಳದ ಗೋಡೆಗೆ ತೂಗುಹಾಕಿ.