ಅರ್ಥವಾಗುವ ಐದು ಮಾತು

ಹೊರನಾಡಿಗೆ ಬಂದ ಕ್ಯಾಥೊಲಿಕ್ ಕನ್ನಡಿಗರಿಗೆ ಬಾಡಿಗೆ ಮನೆ, ಗ್ಯಾಸ್ ಸಂಪರ್ಕ, ಮಕ್ಕಳ ಶಾಲೆ ಎಲ್ಲ ಆದ ಮೇಲೂ ಒಂದು ಹುಡುಕಾಟ ಉಳಿದಿರುತ್ತದೆ. ಭಾನುವಾರ ಯಾವ ಚರ್ಚಿಗೆ ಹೋಗುವುದು? ಮುಂಬೈಯಲ್ಲಿ ಇಂಗ್ಲಿಷ್, ಮರಾಠಿ, ಕೊಂಕಣಿ ಪೂಜೆಗಳು ಸುಲಭವಾಗಿ ಸಿಗುತ್ತವೆ. ಕನ್ನಡ ಪೂಜೆಯಾದರೆ ಅವರಿವರನ್ನು ವಿಚಾರಿಸಬೇಕು. ಹಾಗೆ ವಿಚಾರಿಸುತ್ತಿರುವ ಹೊತ್ತಿಗೇ ಆಫೀಸಿನಲ್ಲೋ ಪಕ್ಕದ ಕಟ್ಟಡದಲ್ಲೋ ಇರುವ ಒಬ್ಬರು, 'ನಮ್ಮ ಪ್ರೇಯರ್ ಗ್ರೂಪಿಗೆ ಬನ್ನಿ' ಎಂದು ಕರೆಯುತ್ತಾರೆ. ಬೇರೆ ಊರಿನಲ್ಲಿ ಹೆಸರು ಹಿಡಿದು ಕರೆಯುವವರೇ ಕಡಿಮೆ. ಹಾಗಾಗಿ ಹೋಗುತ್ತೇವೆ.

ಅಲ್ಲಿ ಕಾಣುವುದು ಬೇರೆಯದೇ ಲೋಕ. ಕೀಬೋರ್ಡು, ಗಿಟಾರು, ಚಪ್ಪಾಳೆ, ಮೇಲೆತ್ತಿದ ಕೈಗಳು. ಹಾಡು ಮುಗಿಯುತ್ತಿದ್ದಂತೆ ಜನ ಯಾವ ಭಾಷೆಗೂ ಸೇರದ ಉಚ್ಚಾರಗಳಲ್ಲಿ ಪ್ರಾರ್ಥಿಸತೊಡಗುತ್ತಾರೆ. ಮುಂದೆ ನಿಂತವರು, ಮಂಡಿನೋವಿರುವ ಯಾರನ್ನೋ ದೇವರು ಈಗ ಗುಣಪಡಿಸುತ್ತಿದ್ದಾರೆ ಎಂದು ಸಾರುತ್ತಾರೆ. ತಲೆಯ ಮೇಲೆ ಕೈಯಿಟ್ಟಾಗ ಕೆಲವರು ಅಳುತ್ತಾರೆ, ಕೆಲವರು ಕುಸಿದು ಬೀಳುತ್ತಾರೆ. ಜಪಸರ ಹಿಡಿದು, ಪೂಜೆಯ ಗಂಟೆಗೆ ತಲೆಬಾಗಿ ಬೆಳೆದ ಮಲೆನಾಡಿನ ನಮ್ಮಂಥವರಿಗೆ ಇದು ಕ್ಯಾಥೊಲಿಕರ ಸಭೆಯೇ ಎಂಬ ಅನುಮಾನ. ಊರಿಂದ ಬಂದಿದ್ದ ಅಮ್ಮನನ್ನು ಒಮ್ಮೆ ಕರೆದೊಯ್ದಿದ್ದೆ. ಹೊರಗೆ ಬಂದು ಚಪ್ಪಲಿ ಹಾಕಿಕೊಳ್ಳುತ್ತಾ ಅವರು ಕೇಳಿದ್ದು ಒಂದೇ ಮಾತು: 'ದೇವರಿಗೆ ಕಿವಿ ಮಂದವಾ ಮಗಾ?'

ಹೀಗೆ ಕೇಳುವ ಹಿರಿಯರಿಗೆ ಪವಿತ್ರಾತ್ಮರ ವರಗಳಲ್ಲಿ ನಂಬಿಕೆ ಇಲ್ಲ ಎಂದು ಹೊಸಬರು ತಿಳಿಯುತ್ತಾರೆ. ಹೊಸಬರದೆಲ್ಲ ಬರೀ ಗದ್ದಲ ಎಂದು ಹಿರಿಯರು ತಿಳಿಯುತ್ತಾರೆ. ಎರಡೂ ಸರಿಯಲ್ಲ. ಸಾಂಪ್ರದಾಯಿಕ ಕ್ಯಾಥೊಲಿಕರ ಹಿಂಜರಿಕೆಯ ಹಿಂದೆ ಎರಡು ಸಾವಿರ ವರ್ಷಗಳ ಅನುಭವ ಇದೆ. ಆ ಅನುಭವ ವರಗಳೇ ಇಲ್ಲ ಎನ್ನುವುದಿಲ್ಲ. ಅವು ಯಾರಿಗಾಗಿ, ಅವನ್ನು ಪರೀಕ್ಷಿಸುವವರು ಯಾರು ಎಂದು ಕೇಳುತ್ತದೆ.

ಹಳೆಯ ಜಗಳ

ಈ ಜಗಳ ಶುರುವಾದದ್ದು ಗ್ರೀಸಿನ ಬಂದರು ಪಟ್ಟಣ ಕೊರಿಂಥದಲ್ಲಿ. ಅದೂ ನಮ್ಮ ಮುಂಬೈಯಂತೆ ನಾನಾ ಕಡೆಯ ಜನ ಬಂದು ಸೇರಿದ್ದ ಊರು. ಕ್ರಿ.ಶ. 55ರ ಸುಮಾರಿಗೆ ಸಂತ ಪೌಲ ಅಲ್ಲಿನ ಕ್ರೈಸ್ತರಿಗೆ ಬರೆದ ಪತ್ರದಲ್ಲಿ ಒಂಬತ್ತು ವರಗಳ ಪಟ್ಟಿ ಇದೆ: ಜ್ಞಾನದ ಮಾತು, ತಿಳಿವಳಿಕೆಯ ಮಾತು, ವಿಶ್ವಾಸ, ಗುಣಪಡಿಸುವುದು, ಅದ್ಭುತಗಳು, ಪ್ರವಾದನೆ, ಆತ್ಮಗಳ ವಿವೇಚನೆ, ಅನ್ಯಭಾಷೆಗಳಲ್ಲಿ ಮಾತನಾಡುವುದು, ಆ ಮಾತಿಗೆ ಅರ್ಥ ಹೇಳುವುದು. ಪೌಲ ಇವನ್ನು ಅಲ್ಲಗಳೆಯಲಿಲ್ಲ. ಅನ್ಯಭಾಷೆಯ ವರ ತನಗೆ ಎಲ್ಲರಿಗಿಂತ ಹೆಚ್ಚಾಗಿಯೇ ಇದೆ ಎಂದರು. ಆದರೆ ಸಭೆಯಲ್ಲಿ ಅರ್ಥವಾಗದ ಹತ್ತು ಸಾವಿರ ಮಾತಿಗಿಂತ ಅರ್ಥವಾಗುವ ಐದು ಮಾತು ತನಗೆ ಇಷ್ಟ ಎಂದೂ ಸೇರಿಸಿದರು. ಅನ್ಯಭಾಷೆಯಲ್ಲಿ ಮಾತನಾಡುವುದಾದರೆ ಹೆಚ್ಚೆಂದರೆ ಮೂವರು, ಒಬ್ಬರಾದ ಮೇಲೆ ಒಬ್ಬರು. ಅರ್ಥ ಹೇಳುವವರು ಇಲ್ಲದಿದ್ದರೆ ಮೌನ. ಹೊರಗಿನಿಂದ ಬಂದವನಿಗೆ ನೀವು ಹೇಳುವುದು ತಿಳಿಯದಿದ್ದರೆ ಅವನು ಆಮೆನ್ ಹೇಳುವುದಾದರೂ ಹೇಗೆ ಎಂಬುದು ಅವರ ಪ್ರಶ್ನೆ. ಪರಭಾಷೆಯ ಊರಿಗೆ ಬಂದ ಮೊದಲ ತಿಂಗಳುಗಳಲ್ಲಿ ಸುಮ್ಮನೆ ತಲೆಯಾಡಿಸಿದ ಅನುಭವ ಇರುವ ಯಾರಿಗಾದರೂ ಈ ಪ್ರಶ್ನೆಯ ಬಿಸಿ ತಟ್ಟುತ್ತದೆ.

ಎರಡನೇ ಶತಮಾನದಲ್ಲಿ ಇಂದಿನ ತುರ್ಕಿಯ ಫ್ರಿಜಿಯಾದಲ್ಲಿ ಮೊಂಟಾನಸ್ ಎಂಬಾತ ಮೈದುಂಬಿ ಪ್ರವಾದನೆ ಹೇಳತೊಡಗಿದ. ಪವಿತ್ರಾತ್ಮ ತನ್ನ ಮೂಲಕವೇ ನೇರವಾಗಿ ಮಾತನಾಡುತ್ತಿದ್ದಾರೆ ಎಂದ. ಧರ್ಮಾಧ್ಯಕ್ಷರು ಒಪ್ಪಲಿಲ್ಲ, ಗುಂಪು ಬೇರೆಯಾಯಿತು. ಅಂದಿನಿಂದ, 'ದೇವರೇ ನನಗೆ ಹೇಳಿದರು' ಎನ್ನುವವರನ್ನು ಕಂಡರೆ ಧರ್ಮಸಭೆ ಒಂದು ಹೆಜ್ಜೆ ಹಿಂದೆ ನಿಂತು ನೋಡುತ್ತದೆ.

ಐದನೇ ಶತಮಾನದ ಆರಂಭದಲ್ಲಿ ಸಂತ ಅಗಸ್ಟಿನ್, ಅನ್ಯಭಾಷೆಯ ವರ ಮೊದಲ ಕಾಲಕ್ಕೆ ಬೇಕಿದ್ದ ಗುರುತು, ಈಗ ಅದು ಕಳೆದುಹೋಗಿದೆ ಎಂದು ಬೋಧಿಸಿದ್ದರು. ಅದೇ ಅಗಸ್ಟಿನ್ ಇಳಿವಯಸ್ಸಿನಲ್ಲಿ, ತಾವಿದ್ದ ಉತ್ತರ ಆಫ್ರಿಕಾದ ಹಿಪ್ಪೊ ಊರಿನಲ್ಲಿ ಎರಡು ವರ್ಷದೊಳಗೆ ಸುಮಾರು 70 ಅದ್ಭುತಗಳು ಬರವಣಿಗೆಯಲ್ಲಿ ದಾಖಲಾಗಿವೆ ಎಂದು 'ದೇವರ ನಗರ' ಎಂಬ ಗ್ರಂಥದಲ್ಲಿ ಬರೆದರು. ಕೀರ್ತನೆಗಳಿಗೆ ಬರೆದ ವಿವರಣೆಯಲ್ಲಿ ಅವರು ಇನ್ನೊಂದು ಸಂಗತಿ ಹೇಳುತ್ತಾರೆ. ಕೊಯ್ಲಿನ ಜನ ಮೊದಲು ಪದಗಳಿರುವ ಹಾಡು ಹಾಡುತ್ತಾರೆ, ಸಂತೋಷ ಉಕ್ಕಿದಾಗ ಪದ ಬಿಟ್ಟು ಬರೀ ದನಿಗೆ ಹೊರಳುತ್ತಾರೆ. ದೇವರ ಮುಂದೆಯೂ ಹಾಗೆ ಹಾಡಬಹುದು ಎಂದು. ಸುಗ್ಗಿಯ ಕಣ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪ್ರೇಯರ್ ಗ್ರೂಪಿನವರು ತಮ್ಮ ಪರವಾಗಿ ಈ ಮಾತನ್ನು ಎತ್ತುವುದುಂಟು. ಅದು ನ್ಯಾಯವೇ.

ಹದಿಮೂರನೇ ಶತಮಾನದ ಸಂತ ತೋಮಸ್ ಅಕ್ವಿನಾಸ್ ಇದನ್ನೆಲ್ಲ ಒಂದು ವ್ಯವಸ್ಥೆಗೆ ತಂದರು. ಮನುಷ್ಯನನ್ನು ದೇವರಿಗೆ ಪ್ರಿಯನನ್ನಾಗಿಸುವ ಕೃಪೆ ಒಂದು. ಬೇರೆಯವರ ಉಪಕಾರಕ್ಕೆಂದು ಒಬ್ಬನ ಕೈಗೆ ಕೊಡುವ ವರ ಇನ್ನೊಂದು. ಮೊದಲನೆಯದೇ ಮೇಲು. ಅಂದರೆ ಪ್ರವಾದನೆ ಹೇಳುವವರು, ರೋಗ ಗುಣಪಡಿಸುವವರು ಸಂತರೇ ಆಗಿರಬೇಕೆಂದಿಲ್ಲ. ಪೋಸ್ಟ್‌ಮ್ಯಾನ್ ತಂದ ಮನಿಯಾರ್ಡರ್ ಪೋಸ್ಟ್‌ಮ್ಯಾನನ ಹಣವಲ್ಲವಲ್ಲ, ಹಾಗೆ. ಹದಿನಾರನೇ ಶತಮಾನದ ಸ್ಪೇನಿನ ಶಿಲುಬೆಯ ಸಂತ ಯೊವಾನ್ನರು ಇನ್ನೂ ಕಟ್ಟುನಿಟ್ಟು. ದರ್ಶನ, ಅಶರೀರವಾಣಿಗಳನ್ನು ಬಯಸಲೇಬೇಡಿ, ಬಂದರೂ ಅವಕ್ಕೆ ಅಂಟಿಕೊಳ್ಳಬೇಡಿ ಎಂಬುದು ಅವರ ಪಾಠ.

ಪಿಟ್ಸ್‌ಬರ್ಗಿನಿಂದ ಮುಂಬೈಗೆ

ಇಂದಿನ ಕ್ಯಾಥೊಲಿಕ್ ಕ್ಯಾರಿಸ್ಮ್ಯಾಟಿಕ್ ನವೀಕರಣ ಶುರುವಾದದ್ದು 1967ರ ಫೆಬ್ರುವರಿಯಲ್ಲಿ. ಅಮೆರಿಕದ ಪಿಟ್ಸ್‌ಬರ್ಗಿನ ಡ್ಯುಕೇನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ವಾರಾಂತ್ಯದ ಧ್ಯಾನಕೂಟದಲ್ಲಿ ಪಡೆದ ಅನುಭವ ಕೆಲವೇ ವರ್ಷಗಳಲ್ಲಿ ಹಲವು ದೇಶಗಳಿಗೆ ಹಬ್ಬಿತು. 1970ರ ದಶಕದಲ್ಲಿ ಮುಂಬೈಗೂ ಬಂತು. ಮುಂದೆ ಕೇರಳದ ಮುರಿಂಗೂರಿನ ಡಿವೈನ್ ಧ್ಯಾನಕೇಂದ್ರದಂಥ ದೊಡ್ಡ ಕೇಂದ್ರಗಳು ಬೆಳೆದವು. ನಮ್ಮ ಕರಾವಳಿಯ ಮೂಲ್ಕಿಯಲ್ಲೂ ಇಂಥ ಕೇಂದ್ರ ಇದೆ.

ಇದಕ್ಕೆ ಬಾಗಿಲು ತೆರೆದದ್ದು ಎರಡನೇ ವ್ಯಾಟಿಕನ್ ಮಹಾಸಭೆ. ಅಲ್ಲೂ ವಾದವಾಗಿತ್ತು. ಇಂಥ ವರಗಳು ಆದಿ ಕಾಲದಲ್ಲಿ ಹೇರಳವಾಗಿದ್ದವು, ಈಗ ತೀರಾ ಅಪರೂಪ ಎಂಬುದು ಇಟಲಿಯ ಕಾರ್ಡಿನಲ್ ರುಫಿನಿಯವರ ನಿಲುವು. ಇವು ಇಂದಿಗೂ ಧರ್ಮಸಭೆಯ ಜೀವಕ್ಕೆ ಬೇಕು, ಸಾಮಾನ್ಯ ಜನರಿಗೂ ಸಿಗುತ್ತವೆ ಎಂದು 1963ರ ಅಕ್ಟೋಬರಿನಲ್ಲಿ ಬೆಲ್ಜಿಯಮ್ಮಿನ ಕಾರ್ಡಿನಲ್ ಸೂನೆನ್ಸ್ ಉತ್ತರಿಸಿದರು. 1964ರಲ್ಲಿ ಧರ್ಮಸಭೆಯ ಬಗ್ಗೆ ಹೊರಬಂದ ದಸ್ತಾವೇಜು ಇಬ್ಬರ ಮಾತಿಗೂ ಜಾಗ ಕೊಟ್ಟಿತು: ವರಗಳನ್ನು ಕೃತಜ್ಞತೆಯಿಂದ ಸ್ವೀಕರಿಸಿ, ಅಸಾಮಾನ್ಯ ವರಗಳನ್ನು ಮುನ್ನುಗ್ಗಿ ಬಯಸಬೇಡಿ, ಅವು ನಿಜವೇ ಎಂಬ ತೀರ್ಮಾನ ಧರ್ಮಸಭೆಯ ಹೊಣೆ ಹೊತ್ತವರದು.

ಸಾಂಪ್ರದಾಯಿಕರ ಮುಖ್ಯ ಆಕ್ಷೇಪಗಳು ಮೂರು. ಮೊದಲನೆಯದು, ಈ ಶೈಲಿ ಇಪ್ಪತ್ತನೇ ಶತಮಾನದ ಆರಂಭದ ಪೆಂಟೆಕೊಸ್ಟಲ್ ಪಂಗಡಗಳಿಂದ ಬಂದದ್ದು, ನಮ್ಮದಲ್ಲ. ಎರಡನೆಯದು, ಜ್ಞಾನಸ್ನಾನದಲ್ಲಿ, ದೃಢೀಕರಣ ಸಂಸ್ಕಾರದಲ್ಲಿ ಪವಿತ್ರಾತ್ಮರನ್ನು ಆಗಲೇ ಪಡೆದಿದ್ದೇವೆ. ಏಳು ವರಗಳನ್ನು ಧರ್ಮೋಪದೇಶ ತರಗತಿಯಲ್ಲಿ ಬಾಯಿಪಾಠ ಮಾಡಿದ್ದೇವೆ. ಹಾಗಿರುವಾಗ 'ಆತ್ಮದಲ್ಲಿ ಸ್ನಾನ' ಎಂಬ ಇನ್ನೊಂದು ಯಾಕೆ? ಮೂರನೆಯದು, ಬಲಿಪೂಜೆ ಯಾರೊಬ್ಬರ ಭಾವಕ್ಕೆ ತಕ್ಕಂತೆ ಬಗ್ಗುವಂಥದ್ದಲ್ಲ. ಎರಡನೆಯದಕ್ಕೆ ನವೀಕರಣದವರ ಉತ್ತರ: ಅದು ಹೊಸ ಸಂಸ್ಕಾರವಲ್ಲ, ಪಡೆದದ್ದು ಒಳಗೆ ಮತ್ತೆ ಜಾಗೃತವಾಗುವುದು. ಪೋಪ್ ಫ್ರಾನ್ಸಿಸ್ ಕೂಡ ಮೊದಲು ಆಕ್ಷೇಪಿಸುವವರ ಸಾಲಿನಲ್ಲೇ ಇದ್ದರು. ಇವರು ಪೂಜೆಯನ್ನು ಸಾಂಬಾ ನೃತ್ಯಶಾಲೆ ಎಂದುಕೊಂಡಿದ್ದಾರೆ ಎಂದು ಅರ್ಜೆಂಟೀನಾದಲ್ಲಿದ್ದಾಗ ಹೇಳಿದ್ದೆ, ಆಮೇಲೆ ಅವರನ್ನು ಹತ್ತಿರದಿಂದ ನೋಡಿ ಮನಸ್ಸು ಬದಲಾಯಿತು ಎಂದು 2013ರಲ್ಲಿ ರಿಯೊದಿಂದ ಮರಳುವ ವಿಮಾನದಲ್ಲಿ ಪತ್ರಕರ್ತರಿಗೆ ತಿಳಿಸಿದರು.

ಕಷ್ಟಪಟ್ಟು ಕಲಿತ ಅನ್ಯಭಾಷೆ

ನನಗೆ ಈ ವಿಷಯದಲ್ಲಿ ಹೆಚ್ಚು ಹಿಡಿಸುವುದು ಗೋವಾದ ಬಾಮ್ ಜೀಸಸ್ ಬೆಸಿಲಿಕಾದಲ್ಲಿ ಮಲಗಿರುವ ಸಂತ ಫ್ರಾನ್ಸಿಸ್ ಝೇವಿಯರ್. ಕಲಿಯದ ಭಾಷೆಗಳನ್ನು ಅವರು ದೇವರ ವರದಿಂದ ಮಾತನಾಡಿದರು ಎಂಬ ಕಥೆಗಳು ಅವರು ತೀರಿಹೋದ ಮೇಲೆ ಹಬ್ಬಿದವು. ಆದರೆ ಅವರದೇ ಕಾಗದ ಬೇರೆ ಹೇಳುತ್ತದೆ. 1542ರಲ್ಲಿ ಗೋವಾಕ್ಕೆ ಬಂದು, ತಮಿಳು ಕರಾವಳಿಯ ಪರವ ಮೀನುಗಾರರ ನಡುವೆ ಕೆಲಸ ಮಾಡಿದ ಅವರು 1544ರ ಜನವರಿಯಲ್ಲಿ ಕೊಚ್ಚಿಯಿಂದ ಬರೆಯುತ್ತಾರೆ: ತಮಗೆ ಅಲ್ಲಿನ ಮಾತು ಬಾರದು, ಅಲ್ಲಿನವರಿಗೆ ತಮ್ಮ ಮಾತು ಬಾರದು. ಎರಡೂ ಕಡೆಯದು ತಿಳಿದ ಕೆಲವರನ್ನು ಕೂರಿಸಿಕೊಂಡು, ಹಲವು ದಿನ ಕಷ್ಟಪಟ್ಟು ಪ್ರಾರ್ಥನೆಗಳನ್ನು ಅನುವಾದಿಸಿ, ಬಾಯಿಪಾಠ ಮಾಡಿ, ಕೈಯಲ್ಲಿ ಗಂಟೆ ಹಿಡಿದು ಬೀದಿಬೀದಿ ಸುತ್ತಿ ಮಕ್ಕಳನ್ನು ಸೇರಿಸಿದರು.

ವಲಸೆ ಬಂದು ತಡವರಿಸುತ್ತಾ ಮರಾಠಿ, ತಮಿಳು, ತೆಲುಗು ಕಲಿತ ನಮಗೆ ಈ ಸಂತರ ಪಾಡು ಗೊತ್ತು. ಆ ದುಡಿಮೆಯೂ ವರವೇ ಎನ್ನುವುದು ಹಳೆಯ ಸಂಪ್ರದಾಯದ ಗುಣ.

ಔಷಧಿಯ ಡಬ್ಬಿ

ಇದೆಲ್ಲ ಬರೀ ಗ್ರಂಥದ ಮಾತಲ್ಲ. ನಮ್ಮ ಕಟ್ಟಡದ ಹಿರಿಯರೊಬ್ಬರಿಗೆ ಸಕ್ಕರೆ ಕಾಯಿಲೆ. ಒಂದು ಗುಣಪಡಿಸುವ ಪ್ರಾರ್ಥನಾ ಕೂಟಕ್ಕೆ ಹೋಗಿ ಬಂದವರು ಇನ್ಸುಲಿನ್ ನಿಲ್ಲಿಸಿಬಿಟ್ಟರು. ವೇದಿಕೆಯಿಂದ ಯಾರೂ ಹಾಗೆ ಹೇಳಿರಲಿಲ್ಲ. ಪಕ್ಕದಲ್ಲಿ ಕೂತಿದ್ದವರು, ಔಷಧಿ ತೆಗೆದುಕೊಂಡರೆ ವಿಶ್ವಾಸ ಕಡಿಮೆ ಎಂದಂತಾಗುತ್ತದೆ ಎಂದಿದ್ದರಂತೆ. ಮೂರನೇ ವಾರಕ್ಕೆ ಆಸ್ಪತ್ರೆ ಸೇರಿದರು. ನೋಡಲು ಬಂದ ಗುರುಗಳು ಬೈಯಲಿಲ್ಲ. ಬೈಬಲ್ ತೆರೆದು ಸಿರಾಖನ ಗ್ರಂಥದ 38ನೇ ಅಧ್ಯಾಯ ಓದಿದರು. ವೈದ್ಯನನ್ನು ಗೌರವಿಸು, ಅವನನ್ನು ಸೃಷ್ಟಿಸಿದವನೂ ದೇವರೇ, ಮದ್ದು ಮಣ್ಣಿನಿಂದ ಬೆಳೆಯುವಂತೆ ಮಾಡಿದವನೂ ದೇವರೇ ಎಂಬುದು ಅದರ ಸಾರ. ಹಿರಿಯರು ಮನೆಗೆ ಬಂದ ಮೇಲೆ ಔಷಧಿ ಡಬ್ಬಿಯನ್ನು ದೇವರ ಪೀಠದ ಪಕ್ಕದಲ್ಲೇ ಇಟ್ಟುಕೊಂಡಿದ್ದಾರೆ.

ರೋಮಿನ ನಿಲುವೂ ಇದೇ. ಗುಣಪಡಿಸುವ ಪ್ರಾರ್ಥನೆಗಳ ಬಗ್ಗೆ 2000ದ ಸೆಪ್ಟೆಂಬರಿನಲ್ಲಿ ಹೊರಬಂದ ಸೂಚನೆಗೆ ಸಹಿ ಹಾಕಿದವರು ಮುಂದೆ ಪೋಪ್ ಬೆನೆಡಿಕ್ಟ್ ಆದ ಕಾರ್ಡಿನಲ್ ರಾಟ್ಜಿಂಗರ್. ಪ್ರಾರ್ಥಿಸಿ, ಆದರೆ ಉನ್ಮಾದ, ನಾಟಕೀಯತೆ ಬೇಡ. ಇಂಥ ಪ್ರಾರ್ಥನಾ ಕೂಟವನ್ನು ಪೂಜೆಯ ಜೊತೆ ಬೆರೆಸಬೇಡಿ. ಪ್ರಾರ್ಥನೆ ಚಿಕಿತ್ಸೆಯನ್ನು ತಡೆಯುವುದಿಲ್ಲ ಎಂದು ಅದು ಹೇಳುತ್ತದೆ. ಫ್ರಾನ್ಸಿನ ಲೂರ್ದಿನಲ್ಲಿ 1883ರಿಂದಲೇ ವೈದ್ಯರ ತಪಾಸಣಾ ಕಚೇರಿ ಇದೆ. ಗುಣವಾಯಿತೆಂದು ಸಾವಿರಾರು ಜನ ಹೇಳಿಕೊಂಡಿದ್ದರೂ, 1858ರಿಂದ ಇಲ್ಲಿಯವರೆಗೆ ಧರ್ಮಸಭೆ ಅದ್ಭುತವೆಂದು ಒಪ್ಪಿದ್ದು 70ರ ಆಸುಪಾಸು ಮಾತ್ರ. ಒಂದೇ ಸಂಜೆಗೆ ಹತ್ತು ಅದ್ಭುತ ಘೋಷಿಸುವವರ ಮುಂದೆ ಈ ನಿಧಾನವನ್ನು ನೆನೆಯಬೇಕು.

ಆದರೆ ಹಳಬರ ಕಡೆಗೂ ಒಂದು ಮಾತು ಹೇಳಲೇಬೇಕು. ಜನ ಪ್ರೇಯರ್ ಗ್ರೂಪಿಗೆ ಹೋಗುವುದು ಅದ್ಭುತ ನೋಡಲಿಕ್ಕಷ್ಟೇ ಅಲ್ಲ. ದೊಡ್ಡ ಚರ್ಚಿನಲ್ಲಿ ಐದು ವರ್ಷ ಒಂದೇ ಬೆಂಚಿನಲ್ಲಿ ಕೂತರೂ ಪಕ್ಕದವರು ಹೆಸರು ಕೇಳುವುದಿಲ್ಲ. ಗುಂಪಿನಲ್ಲಿ ಮೊದಲ ದಿನವೇ ಕೇಳುತ್ತಾರೆ. ಕೆಲಸ ಹೋದರೆ ಫೋನ್ ಮಾಡುತ್ತಾರೆ, ಹೆರಿಗೆಯಾದರೆ ಅನ್ನ ಸಾರು ತಂದುಕೊಡುತ್ತಾರೆ. ಎಂದೂ ಬಾಯಿಬಿಡದ ಗುಮಾಸ್ತರೊಬ್ಬರು ಅಲ್ಲಿ ನಾಲ್ಕು ಜನರ ಮುಂದೆ ತಮ್ಮ ಮಾತಿನಲ್ಲೇ ಪ್ರಾರ್ಥಿಸಲು ಕಲಿತದ್ದನ್ನು ಕಂಡಿದ್ದೇನೆ. ಕುಡಿತ ಬಿಟ್ಟವರೂ ಇದ್ದಾರೆ. ಪೌಲ ವರಗಳ ಪಟ್ಟಿ ಕೊಟ್ಟ ಮುಂದಿನ ಅಧ್ಯಾಯದಲ್ಲೇ, ಪ್ರೀತಿ ಇಲ್ಲದಿದ್ದರೆ ಇವೆಲ್ಲ ಬರೀ ಸದ್ದು ಎಂದರು. ಪ್ರೀತಿ ಇಲ್ಲದ ಮೌನಕ್ಕೂ ಅದೇ ಮಾತು ಅನ್ವಯಿಸುತ್ತದೆ.

ಹೊರನಾಡಿನಲ್ಲಿ ನಿಮ್ಮನ್ನೂ ಯಾರಾದರೂ ಕರೆದಾರು. ಹೋಗಿ ಬನ್ನಿ, ಹೋಗುವಾಗ ಕೆಲವು ಪ್ರಶ್ನೆಗಳನ್ನು ಜೊತೆಗಿಟ್ಟುಕೊಳ್ಳಿ. ಇದು ನಿಮ್ಮ ಚರ್ಚಿನ ಗುರುಗಳಿಗೆ ತಿಳಿದು ನಡೆಯುವ ಕೂಟವೇ? ಹೇಳಿದ ಪ್ರವಾದನೆಯನ್ನು ಯಾರಾದರೂ ಪರಿಶೀಲಿಸುತ್ತಾರೆಯೇ? ವರ ಪಡೆದವರಿಂದ ಬಡವರಿಗೆ, ರೋಗಿಗಳಿಗೆ ಏನಾದರೂ ಉಪಕಾರ ಆಗುತ್ತಿದೆಯೇ, ಇಲ್ಲ ಹಣವೂ ಹೆಸರೂ ಒಬ್ಬರ ಕಡೆಗೇ ಹರಿಯುತ್ತಿದೆಯೇ? ವೈದ್ಯರ ಹತ್ತಿರ ಹೋಗಬೇಡಿ ಎಂದು ಯಾರಾದರೂ ಹೇಳಿದರೆ ಎದ್ದು ಬನ್ನಿ. ಉಳಿದಂತೆ ಕೈ ಮೇಲೆತ್ತಿ ಹಾಡುವುದೋ, ಮಂಡಿಯೂರಿ ಜಪಸರ ಎಣಿಸುವುದೋ, ಅದು ಅವರವರ ಪಾಲಿಗೆ ಬಿಟ್ಟದ್ದು. ಮುಂದಿನ ಭಾನುವಾರ ಪೂಜೆ ಮುಗಿದ ಮೇಲೆ ಪಕ್ಕದ ಬೆಂಚಿನಲ್ಲಿ ಹೊಸ ಮುಖ ಕಂಡರೆ, ಅವರಿಗೆ ಅರ್ಥವಾಗುವ ಭಾಷೆಯಲ್ಲಿ ಊರು ಯಾವುದು ಎಂದು ಕೇಳಿ. ಅದಕ್ಕೆ ಐದು ಮಾತೂ ಬೇಕಾಗಲಿಕ್ಕಿಲ್ಲ.