ಯಾವುದು ನಿಜವಾದ ಪ್ರತಿ?
ಗಣಕೀಕೃತ ಲೆಕ್ಕಪತ್ರಗಳಲ್ಲಿ ನಿತ್ಯದ ತೊಡಕುಗಳು ಹಾಗೂ ಪರಿಹಾರೋಪಾಯಗಳು

ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಸೋಮವಾರ ಮತ್ತು ಗುರುವಾರ ವ್ಯಾಪಾರದ ದಿನಗಳು. ಹಂಗಾಮಿನಲ್ಲಿ ದಲಾಲಿ ಅಂಗಡಿಗೆ ಬಂದ ಒಂದೇ ಲಾಟಿನ ಲೆಕ್ಕ ಎಷ್ಟು ಕಡೆ ದಾಖಲಾಗುತ್ತದೆ ಎಂದು ಎಣಿಸಿದರೆ ಆಶ್ಚರ್ಯವಾಗುತ್ತದೆ. ಟೆಂಡರಿನ ದರ, ತೂಕದ ಚೀಟಿ, ರೈತನಿಗೆ ಕೊಡುವ ಪಟ್ಟಿ, ಖರೀದಿದಾರನ ಬಿಲ್ಲು, ಶೀತಲಗೃಹದ ರಶೀದಿ, ಕೊನೆಯಲ್ಲಿ ಗಣಕಯಂತ್ರದ ಖಾತೆ. ಇವುಗಳಲ್ಲಿ ಯಾವುದಾದರೂ ಎರಡು ಅಂಕಿಗಳು ಮೂರು ತಿಂಗಳ ನಂತರ ತಾಳೆಯಾಗದಿದ್ದರೆ ಯಾವ ಪ್ರತಿಯನ್ನು ನಂಬಬೇಕು? ಯಾರು, ಯಾವಾಗ, ಏಕೆ ತಿದ್ದಿದರು? ಈ ಪ್ರಶ್ನೆಗೆ ಉತ್ತರವಿಲ್ಲದ ಅಂಗಡಿಯು ತೆರಿಗೆ ಅಧಿಕಾರಿಯ ಎದುರಿನಲ್ಲಿಯೂ, ಬ್ಯಾಂಕಿನ ಎದುರಿನಲ್ಲಿಯೂ, ಸ್ವಂತ ಪಾಲುದಾರರ ಎದುರಿನಲ್ಲಿಯೂ ದುರ್ಬಲವಾಗುತ್ತದೆ.

ಹಿಂದಿನ ಕಿರ್ದಿ-ಖತಾವಣಿ ಪದ್ಧತಿಯಲ್ಲಿ ಈ ತೊಂದರೆಗೆ ಅವಕಾಶ ಕಡಿಮೆಯಿತ್ತು. ಕಿರ್ದಿಯಲ್ಲಿ ಬರೆದದ್ದನ್ನು ಕೆರೆದು ಅಳಿಸುವಂತಿರಲಿಲ್ಲ. ತಪ್ಪಾದರೆ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು ಸಹಿ ಮಾಡಬೇಕಾಗಿತ್ತು; ಅಥವಾ ಮರುದಿನ ತಿರುಗುಜಮೆ ಹಾಕಬೇಕಾಗಿತ್ತು. ತಪ್ಪೂ ಉಳಿಯುತ್ತಿತ್ತು, ತಿದ್ದುಪಡಿಯೂ ಉಳಿಯುತ್ತಿತ್ತು. ಗಣಕಯಂತ್ರ ಬಂದ ನಂತರ ಕೆಲಸ ಶೀಘ್ರವಾಯಿತು, ಆದರೆ ಗುರುತು ಉಳಿಯದಂತೆ ಅಂಕಿಯನ್ನು ಬದಲಿಸುವ ಸೌಲಭ್ಯವೂ ಅದರೊಡನೆ ಬಂದಿತು.

ತಂತ್ರಾಂಶ ತಯಾರಕರು ಕಂಡುಕೊಂಡ ದಾರಿ

ಸಾವಿರಾರು ಜನರು ಸೇರಿ ಒಂದೇ ತಂತ್ರಾಂಶವನ್ನು ಬರೆಯುವಾಗ ಇದೇ ಸಮಸ್ಯೆ ಎದುರಾಗುತ್ತದೆ. ಅದಕ್ಕೆ ಅವರು ಕಂಡುಕೊಂಡ ಪರಿಹಾರವೇ ಆವೃತ್ತಿ ನಿಯಂತ್ರಣ ವ್ಯವಸ್ಥೆ. ಇವುಗಳ ಪೈಕಿ ಇಂದು ಅತ್ಯಂತ ಪ್ರಚಲಿತವಾಗಿರುವ 'ಗಿಟ್' ಎಂಬುದನ್ನು ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯ ಜನಕರಾದ ಲೈನಸ್ ಟೋರ್ವಾಲ್ಡ್ಸ್ ಅವರು 2005ರಲ್ಲಿ ರಚಿಸಿದರು. ಅದರ ತತ್ತ್ವ ಸರಳವಾದುದು. ಹಳೆಯ ಆವೃತ್ತಿಯನ್ನು ಅಳಿಸದೆ ಪ್ರತಿಯೊಂದು ಬದಲಾವಣೆಯನ್ನೂ ಅದರ ಮುಂದೆ ಸೇರಿಸುವುದು. ಯಾರು, ಯಾವಾಗ, ಯಾವ ಕಾರಣಕ್ಕಾಗಿ ಬದಲಿಸಿದರೆಂಬುದನ್ನು ಅದರೊಡನೆ ಬರೆಯುವುದು. ಇಬ್ಬರು ಒಂದೇ ಸಾಲನ್ನು ಬೇರೆ ಬೇರೆಯಾಗಿ ತಿದ್ದಿದ್ದರೆ ಎರಡನ್ನೂ ಮುಂದಿಟ್ಟು ಮನುಷ್ಯನ ನಿರ್ಣಯ ಕೇಳುವುದು. ಇದು ಕಿರ್ದಿಯ ಶಿಸ್ತೇ ಹೊರತು ಬೇರೆಯಲ್ಲ.

ಗಿಟ್ ವ್ಯವಸ್ಥೆ ಮುಖ್ಯವಾಗಿ ಅಕ್ಷರರೂಪದ ಕಡತಗಳಿಗೆ ಹೊಂದುವಂಥದು. ಲೆಕ್ಕದ ತಂತ್ರಾಂಶದ ದತ್ತಾಂಶಕ್ಕೆ ಅದು ಒಗ್ಗುವುದಿಲ್ಲವಾದ್ದರಿಂದ ವರ್ತಕರು ಅದನ್ನು ಕಲಿಯುವ ಅವಶ್ಯಕತೆಯಿಲ್ಲ. ಅದರ ಶಿಸ್ತನ್ನು ಮಾತ್ರ ಅಳವಡಿಸಿಕೊಂಡರೆ ಸಾಕು. ಕಾಯಿದೆಯೂ ಈಗ ಅದನ್ನೇ ಅಪೇಕ್ಷಿಸುತ್ತದೆ.

ಕಾಯಿದೆ ಏನು ಹೇಳುತ್ತದೆ?

ಕಂಪನಿಗಳು ಬಳಸುವ ಲೆಕ್ಕದ ತಂತ್ರಾಂಶದಲ್ಲಿ ಪ್ರತಿಯೊಂದು ಬದಲಾವಣೆಯೂ ದಿನಾಂಕದೊಂದಿಗೆ ದಾಖಲಾಗುವ 'ಎಡಿಟ್ ಲಾಗ್' ಇರಬೇಕು, ಅದನ್ನು ನಿಲ್ಲಿಸಲು ಬರಬಾರದು ಎಂಬ ನಿಯಮವು 2021ರ ಮಾರ್ಚ್‌ನಲ್ಲಿ ಪ್ರಕಟವಾಗಿ, ಎರಡು ಬಾರಿ ಮುಂದೂಡಲ್ಪಟ್ಟು, 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ. ಆ ದಾಖಲೆಯು ವರ್ಷವಿಡೀ ನಡೆದಿದೆಯೇ ಎಂಬುದನ್ನು ಲೆಕ್ಕ ಪರಿಶೋಧಕರು ತಮ್ಮ ವರದಿಯಲ್ಲಿ ತಿಳಿಸಬೇಕಾಗುತ್ತದೆ.

'ನಮ್ಮದು ಪಾಲುದಾರಿಕೆ ಅಂಗಡಿ, ಕಂಪನಿಯಲ್ಲ. ಆದ್ದರಿಂದ ಇದು ನಮಗೆ ಸಂಬಂಧಿಸಿದ್ದಲ್ಲ' ಎಂಬ ಭಾವನೆ ಅನೇಕ ವರ್ತಕರಲ್ಲಿದೆ. ಇದು ಅರ್ಧಸತ್ಯ ಮಾತ್ರ. ಕಂಪನಿ ನಿಯಮ ಅವರಿಗೆ ಅನ್ವಯಿಸದಿರುವುದು ನಿಜ. ಆದರೆ 2017ರ ಕೇಂದ್ರ ಸರಕು ಮತ್ತು ಸೇವಾ ತೆರಿಗೆ ನಿಯಮಗಳ 56(8)ನೇ ನಿಯಮವು ನೋಂದಾಯಿತ ವರ್ತಕರ ಲೆಕ್ಕಪುಸ್ತಕಗಳಲ್ಲಿ ಯಾವುದೇ ನಮೂದನ್ನು ಅಳಿಸುವುದನ್ನೂ, ಮೇಲೆ ತಿದ್ದಿ ಬರೆಯುವುದನ್ನೂ ನಿಷೇಧಿಸುತ್ತದೆ. ಬರಹದ ಸಣ್ಣ ದೋಷಗಳನ್ನುಳಿದು ತಪ್ಪು ನಮೂದನ್ನು ದೃಢೀಕರಿಸಿ ಹೊಡೆದುಹಾಕಿ ಸರಿಯಾದುದನ್ನು ಬರೆಯಬೇಕು. ಲೆಕ್ಕವು ಗಣಕಯಂತ್ರದಲ್ಲಿದ್ದರೆ ತಿದ್ದಿದ ಹಾಗೂ ಅಳಿಸಿದ ಪ್ರತಿಯೊಂದು ನಮೂದಿನ ದಾಖಲೆ ಇಡಬೇಕು. 57ನೇ ನಿಯಮದಂತೆ, ಅಪಘಾತದಿಂದಾಗಲಿ ನೈಸರ್ಗಿಕ ಕಾರಣದಿಂದಾಗಲಿ ದಾಖಲೆ ನಾಶವಾದರೂ ಯೋಗ್ಯ ಕಾಲಾವಧಿಯೊಳಗೆ ಮರಳಿ ಪಡೆಯುವಂತೆ ಬ್ಯಾಕಪ್ ಇರಬೇಕು. ಈ ದಾಖಲೆಗಳನ್ನು ವಾರ್ಷಿಕ ವಿವರಣೆಯ ಕೊನೆಯ ದಿನಾಂಕದಿಂದ 72 ತಿಂಗಳು ಕಾಯ್ದಿಡಬೇಕು. ಕಂಪನಿಗಳಿಗೆ ಈ ಅವಧಿ 8 ವರ್ಷ.

ಆದ್ದರಿಂದ ಎಡಿಟ್ ಲಾಗ್ ಸೌಲಭ್ಯವನ್ನು ಚಾಲನೆಯಲ್ಲಿಡುವುದು ಮೊದಲ ಹೆಜ್ಜೆ. ಟ್ಯಾಲಿಪ್ರೈಮ್‌ನಲ್ಲಿ ಇದು ಎರಡು ರೂಪಗಳಲ್ಲಿ ಲಭ್ಯವಿದೆ. ಒಂದರಲ್ಲಿ ಬಳಕೆದಾರನು ಬೇಕಾದಾಗ ಚಾಲನೆ ಮಾಡಬಹುದು. ಇನ್ನೊಂದರಲ್ಲಿ ಅದು ಸದಾ ಚಾಲನೆಯಲ್ಲಿದ್ದು ನಿಲ್ಲಿಸಲು ಬರುವುದಿಲ್ಲ. ಕಂಪನಿಗಳಿಗೆ ಎರಡನೆಯದೇ ಬೇಕು. ಇತರರೂ ಅದನ್ನು ಆರಿಸಿಕೊಳ್ಳುವುದು ಲೇಸು.

ತೊಡಕು ಒಂದು: ಎರಡು ಕಡೆ ಬೆಳೆದ ಲೆಕ್ಕ

ಬ್ಯಾಡಗಿಯ ಅಂಗಡಿಯಿಂದ ಲೆಕ್ಕದ ದತ್ತಾಂಶವು ಪೆನ್ ಡ್ರೈವಿನಲ್ಲಿ ಹಾವೇರಿಯ ಲೆಕ್ಕ ಪರಿಶೋಧಕರ ಕಚೇರಿಗೆ ಹೋಗುತ್ತದೆ. ಅಲ್ಲಿ ಸವಕಳಿ, ಬಡ್ಡಿ ಮುಂತಾದ ಹೊಂದಾಣಿಕೆ ನಮೂದುಗಳಾಗುತ್ತವೆ. ಇತ್ತ ಅಂಗಡಿಯಲ್ಲಿ ದಿನನಿತ್ಯದ ಮಾರಾಟ ಮುಂದುವರಿಯುತ್ತದೆ. ಇಪ್ಪತ್ತು ದಿನಗಳ ನಂತರ ಪೆನ್ ಡ್ರೈವ್ ಹಿಂದಿರುಗಿದಾಗ ಗುಮಾಸ್ತನು ಅದನ್ನು ಅದೇ ಜಾಗದಲ್ಲಿ ಮರುಸ್ಥಾಪಿಸಿದರೆ ಇಪ್ಪತ್ತು ದಿನಗಳ ಮಾರಾಟದ ಮೇಲೆ ಹಳೆಯ ಲೆಕ್ಕ ಕೂರುತ್ತದೆ.

ಹೀಗಾದರೆ ಮೊದಲು ಹೊಸ ನಮೂದುಗಳನ್ನು ನಿಲ್ಲಿಸಬೇಕು. ಈಗಿರುವ ದತ್ತಾಂಶವನ್ನೂ, ಅಂಗಡಿಯ ಕೊನೆಯ ಬ್ಯಾಕಪ್ಪನ್ನೂ ಬೇರೆ ಬೇರೆ ಫೋಲ್ಡರುಗಳಿಗೆ ದಿನಾಂಕ ಸಹಿತ ನಕಲು ಮಾಡಿಕೊಳ್ಳಬೇಕು. ಅಂಗಡಿಯ ಬ್ಯಾಕಪ್ಪನ್ನೇ ಮೂಲವೆಂದು ಇಟ್ಟುಕೊಂಡು, ಅದರ ನಂತರದ ವ್ಯವಹಾರಗಳನ್ನು ಬಿಲ್ಲುಗಳಿಂದ ಮತ್ತೆ ಬರೆದು, ಪರಿಶೋಧಕರ ನಮೂದುಗಳನ್ನು ಸೇರಿಸಬೇಕು. ಕೊನೆಗೆ ನಗದು, ಬ್ಯಾಂಕು ಹಾಗೂ ದಾಸ್ತಾನನ್ನು ತಾಳೆ ನೋಡಬೇಕು. ಮುಂದೆ ಹೀಗಾಗದಂತೆ, ಪರಿಶೋಧಕರಿಂದ ಸಂಪೂರ್ಣ ದತ್ತಾಂಶವನ್ನು ಮರಳಿ ಪಡೆಯುವ ಬದಲು ಹೊಂದಾಣಿಕೆ ನಮೂದುಗಳ ಪಟ್ಟಿಯನ್ನು ಮಾತ್ರ ಪಡೆದು ಅಂಗಡಿಯಲ್ಲಿಯೇ ನಮೂದಿಸುವ ಪದ್ಧತಿ ಒಳ್ಳೆಯದು. ಮರುಸ್ಥಾಪನೆ ಅನಿವಾರ್ಯವಾದರೆ ಅದನ್ನು ಸದಾ ಖಾಲಿ ಫೋಲ್ಡರಿನಲ್ಲಿಯೇ ಮಾಡತಕ್ಕದ್ದು.

ತೊಡಕು ಎರಡು: 'ಫೈನಲ್', 'ಹೊಸ ಫೈನಲ್'

ರಾಣೆಬೆನ್ನೂರು ಬೀಜೋತ್ಪಾದನೆಗೆ ಹೆಸರಾದ ಊರು. ಬೀಜದ ಪೊಟ್ಟಣದ ಚೀಟಿಯ ಮೇಲೆ ಲಾಟ್ ಸಂಖ್ಯೆ, ಪರೀಕ್ಷೆಯ ದಿನಾಂಕ, ಬಳಕೆಯ ಅವಧಿ ಮುಂತಾದವು ಇರಬೇಕು. ಇವು ಲಾಟಿನಿಂದ ಲಾಟಿಗೆ ಬದಲಾಗುತ್ತವೆ. ಚೀಟಿಯ ವಿನ್ಯಾಸವು 'ಫೈನಲ್', 'ಫೈನಲ್ ಎರಡು', 'ಹೊಸ ಫೈನಲ್' ಎಂಬ ಹೆಸರುಗಳಲ್ಲಿ ಕಚೇರಿಯಲ್ಲಿಯೂ, ಮುದ್ರಣಾಲಯದಲ್ಲಿಯೂ, ಮೊಬೈಲಿನಲ್ಲಿಯೂ ಹರಡಿಕೊಂಡಿದ್ದರೆ ಹಳೆಯ ದಿನಾಂಕದ ಚೀಟಿ ಹೊಸ ಬೀಜದ ಮೇಲೆ ಬೀಳಲು ಹೆಚ್ಚು ಹೊತ್ತು ಬೇಕಾಗದು. ಆಗ ರೈತನ ನಂಬಿಕೆಯೂ, ಮಾರಾಟದ ಪರವಾನಗಿಯೂ ಅಪಾಯಕ್ಕೆ ಸಿಲುಕುತ್ತವೆ.

ಇದಕ್ಕೆ ಪರಿಹಾರವು ಹೆಸರಿಡುವ ಕ್ರಮದಲ್ಲಿದೆ. ಕಡತದ ಹೆಸರಿನಲ್ಲಿ ವರ್ಷ, ತಿಂಗಳು, ದಿನ, ಕ್ರಮಸಂಖ್ಯೆ ಈ ಅನುಕ್ರಮದಲ್ಲಿ ಇದ್ದರೆ ಗಣಕಯಂತ್ರವೇ ಅವುಗಳನ್ನು ಕಾಲಾನುಕ್ರಮದಲ್ಲಿ ಜೋಡಿಸುತ್ತದೆ. ಚಾಲ್ತಿಯಲ್ಲಿರುವ ಪ್ರತಿಯು ಒಂದೇ ಫೋಲ್ಡರಿನಲ್ಲಿ, ಒಬ್ಬನೇ ಜವಾಬ್ದಾರನ ವಶದಲ್ಲಿರಬೇಕು. ಹಳೆಯವು 'ರದ್ದಾದವು' ಎಂಬ ಫೋಲ್ಡರಿಗೆ ಹೋಗಬೇಕು. ಮುದ್ರಣಾಲಯಕ್ಕೆ ಯಾವ ಸಂಖ್ಯೆಯ ವಿನ್ಯಾಸ ಯಾವ ದಿನ ಹೋಯಿತೆಂಬುದನ್ನು ಒಂದು ನೋಟ್ ಪುಸ್ತಕದಲ್ಲಿ ಬರೆದಿಟ್ಟರೂ ಸಾಕು. ದರಪಟ್ಟಿಗಳಿಗೂ ಇದೇ ಕ್ರಮ ಅನ್ವಯಿಸುತ್ತದೆ.

ತೊಡಕು ಮೂರು: ಮುಗಿದ ತಿಂಗಳಿನಲ್ಲಿ ಬದಲಾವಣೆ

ತೆರಿಗೆ ವಿವರಣೆ ಸಲ್ಲಿಸಿದ ನಂತರ ಹಳೆಯ ಬಿಲ್ಲಿನ ತೂಕವನ್ನೋ ದರವನ್ನೋ ತಿದ್ದುವುದು ಅತ್ಯಂತ ಸಾಮಾನ್ಯ ತಪ್ಪು. ವರ್ಷಾಂತ್ಯದಲ್ಲಿ ಪುಸ್ತಕದ ಮಾರಾಟಕ್ಕೂ, ಸಲ್ಲಿಸಿದ ಮಾರಾಟಕ್ಕೂ ವ್ಯತ್ಯಾಸ ಕಂಡುಬಂದಾಗ ಇದು ಹೊರಬೀಳುತ್ತದೆ. ವ್ಯತ್ಯಾಸ ಯಾವ ತಿಂಗಳಿನದೆಂದು ಮೊದಲು ಗುರುತಿಸಿ, ಆ ತಿಂಗಳ ಎಡಿಟ್ ಲಾಗ್ ತೆರೆದರೆ ತಿದ್ದಲ್ಪಟ್ಟ ಬಿಲ್ಲುಗಳು ದೊರೆಯುತ್ತವೆ. ಅವುಗಳನ್ನು ಮೊದಲಿನ ಸ್ಥಿತಿಗೆ ತಂದು, ನಿಜವಾದ ತಿದ್ದುಪಡಿಯನ್ನು ಇಂದಿನ ದಿನಾಂಕದ ಕ್ರೆಡಿಟ್ ನೋಟ್ ಅಥವಾ ಡೆಬಿಟ್ ನೋಟ್ ಮೂಲಕ ಮಾಡಬೇಕು. ತೆರಿಗೆ ತಗ್ಗಿಸುವ ಕ್ರೆಡಿಟ್ ನೋಟನ್ನು ಆರ್ಥಿಕ ವರ್ಷ ಮುಗಿದ ನಂತರ ಬರುವ ನವೆಂಬರ್ 30ರೊಳಗೆ, ಅಥವಾ ವಾರ್ಷಿಕ ವಿವರಣೆ ಅದಕ್ಕೂ ಮೊದಲೇ ಸಲ್ಲಿಕೆಯಾಗಿದ್ದರೆ ಅಷ್ಟರೊಳಗೆ, ತೋರಿಸಬೇಕೆಂಬುದು ಗಮನದಲ್ಲಿರಲಿ. 2024ರ ಜುಲೈ ತಿಂಗಳ ಲೆಕ್ಕದಿಂದ ದೊರೆತಿರುವ ಜಿ.ಎಸ್.ಟಿ.ಆರ್.-1ಎ ನಮೂನೆಯಿಂದ ಆ ತಿಂಗಳ 3ಬಿ ಸಲ್ಲಿಸುವ ಮೊದಲು ತಪ್ಪನ್ನು ಸರಿಪಡಿಸಬಹುದು.

ಇ-ಇನ್‌ವಾಯ್ಸ್ ಅನ್ವಯಿಸುವವರು ಇನ್ನಷ್ಟು ಎಚ್ಚರ ವಹಿಸಬೇಕು. ನೋಂದಣಿಯಾದ ಬಿಲ್ಲನ್ನು ಆ ಜಾಲತಾಣದಲ್ಲಿ 24 ಗಂಟೆಗಳೊಳಗೆ ರದ್ದುಪಡಿಸಬಹುದೇ ಹೊರತು ತಿದ್ದಲಾಗದು. ರದ್ದಾದ ಬಿಲ್ಲಿನ ಸಂಖ್ಯೆಯನ್ನು ಮತ್ತೆ ಬಳಸಲೂ ಬರುವುದಿಲ್ಲ.

ತೊಡಕು ನಾಲ್ಕು: ಎಲ್ಲರಿಗೂ ಒಂದೇ ಹೆಸರು

ಮಾಲೀಕ, ಮಗ, ಗುಮಾಸ್ತ, ಸಂಜೆ ಬರುವ ಲೆಕ್ಕಿಗ, ಎಲ್ಲರೂ ಒಂದೇ ಪಾಸ್‌ವರ್ಡ್ ಬಳಸಿದರೆ ಎಡಿಟ್ ಲಾಗ್ ಇದ್ದೂ ಇಲ್ಲದಂತೆ. ಅದರಲ್ಲಿ ಒಂದೇ ಹೆಸರು ಕಾಣಿಸುತ್ತದೆ, ಗುಮಾನಿ ಮಾತ್ರ ಎಲ್ಲರ ಮೇಲೂ ಬೀಳುತ್ತದೆ. ಪ್ರತಿಯೊಬ್ಬರಿಗೂ ಪ್ರತ್ಯೇಕ ಹೆಸರು ಕೊಡುವುದು ಪ್ರಾಮಾಣಿಕ ನೌಕರನಿಗೆ ರಕ್ಷಣೆ. ಯಾರು, ಯಾವಾಗ ಎಂಬುದನ್ನು ಯಂತ್ರ ಬರೆಯುತ್ತದೆ. ಏಕೆ ಎಂಬುದನ್ನು ಮನುಷ್ಯನೇ ಬರೆಯಬೇಕು. 'ತೂಕ 2 ಕಿಲೋ ಕಡಿಮೆ, ಮರುತೂಕದ ಚೀಟಿಯಂತೆ' ಎಂಬ ಒಂದು ಸಾಲನ್ನು ವಿವರಣೆಯ ಜಾಗದಲ್ಲಿ ಬರೆದರೆ ಎರಡು ವರ್ಷಗಳ ನಂತರ ಬರುವ ನೋಟೀಸಿಗೆ ಅದೇ ಉತ್ತರವಾಗುತ್ತದೆ.

ತೊಡಕು ಐದು: ಒಂದೇ ಸಂಖ್ಯೆಯ ಎರಡು ಬಿಲ್ಲುಗಳು

ಬ್ಯಾಡಗಿಯಲ್ಲೊಂದು, ಹಾವೇರಿಯಲ್ಲೊಂದು ಗಣಕಯಂತ್ರ ಪ್ರತ್ಯೇಕವಾಗಿ ನಡೆಯುತ್ತಿದ್ದರೆ ಒಂದೇ ಸಂಖ್ಯೆಯ ಎರಡು ಬಿಲ್ಲುಗಳು ಹೊರಡಬಹುದು. ಬಿಲ್ಲಿನ ಸಂಖ್ಯೆ 16 ಅಕ್ಷರಗಳನ್ನು ಮೀರದೆ, ಆರ್ಥಿಕ ವರ್ಷದಲ್ಲಿ ಪುನರಾವರ್ತನೆಯಾಗದೆ, ಅನುಕ್ರಮವಾಗಿರಬೇಕೆಂಬುದು 46ನೇ ನಿಯಮ. ಒಂದಕ್ಕಿಂತ ಹೆಚ್ಚು ಸರಣಿಗಳಿಗೆ ಆ ನಿಯಮದಲ್ಲಿಯೇ ಅವಕಾಶವಿದೆ. ಊರಿಗೊಂದು ಅಕ್ಷರವನ್ನು ಸಂಖ್ಯೆಯ ಮುಂದೆ ಸೇರಿಸಿ, ಏಪ್ರಿಲ್ 1ರಿಂದ ಪ್ರತ್ಯೇಕ ಸರಣಿ ಆರಂಭಿಸಿದರೆ ಈ ತೊಡಕು ಬೇರುಸಹಿತ ನಿವಾರಣೆಯಾಗುತ್ತದೆ.

ತೊಡಕು ಆರು: ತೆರೆದು ನೋಡದ ಬ್ಯಾಕಪ್

2024ರ ಮಾರ್ಚ್ 11ರ ಸೋಮವಾರ ದರ ಕುಸಿತದಿಂದ ಕೆರಳಿದ ರೈತರು ಬ್ಯಾಡಗಿಯ ಎ.ಪಿ.ಎಂ.ಸಿ. ಕಚೇರಿಗೆ ನುಗ್ಗಿದರು, ವಾಹನಗಳಿಗೆ ಬೆಂಕಿ ಹಚ್ಚಿದರು. ಆ ಘಟನೆಯ ಹಿಂದಿನ ನೋವುಗಳ ವಿಚಾರ ಬೇರೆ. ಲೆಕ್ಕಪತ್ರಗಳ ಮಟ್ಟಿಗೆ ಅದು ನೆನಪಿಸುವುದೇನೆಂದರೆ, ಬೆಂಕಿ, ನೀರು, ಗಲಭೆಗಳು ಮುನ್ಸೂಚನೆ ಕೊಟ್ಟು ಬರುವುದಿಲ್ಲ. ಅದೇ ಗಣಕಯಂತ್ರದ ಇನ್ನೊಂದು ಡ್ರೈವಿನಲ್ಲಿ ಇಟ್ಟ ಬ್ಯಾಕಪ್ ಆ ದಿನ ನೆರವಿಗೆ ಬಾರದು.

ಮೂರು ಪ್ರತಿಗಳು, ಎರಡು ಬಗೆಯ ಸಾಧನಗಳು, ಒಂದು ಪ್ರತಿ ಬೇರೆ ಊರಿನಲ್ಲಿ ಅಥವಾ ಅಂತರಜಾಲದ ಸಂಗ್ರಹದಲ್ಲಿ, ಇದು ಜಗತ್ತಿನಾದ್ಯಂತ ಒಪ್ಪಿತವಾದ ಸೂತ್ರ. ಬ್ಯಾಡಗಿಯ ಅಂಗಡಿಯ ಪ್ರತಿಯೊಂದು ರಾಣೆಬೆನ್ನೂರಿನ ಬಂಧುಗಳ ಮನೆಯ ಬೀರುವಿನಲ್ಲಿದ್ದರೂ ಆಗಬಹುದು, ಪಾಸ್‌ವರ್ಡ್ ಇದ್ದರಾಯಿತು. ಗೂಗಲ್ ಡ್ರೈವ್‌ನಂತಹ ಸೇವೆಗಳು ಹಳೆಯ ಆವೃತ್ತಿಗಳನ್ನು ಉಳಿಸುತ್ತವೆಯಾದರೂ, ಅಲ್ಲಿಗೆ ಏರಿಸಿದ ಸಾಧಾರಣ ಕಡತಗಳಿಗೆ 30 ದಿನ ಅಥವಾ 100 ಆವೃತ್ತಿಗಳ ಮಿತಿಯಿದೆ. ಅದನ್ನೇ ನಂಬಿ 72 ತಿಂಗಳ ಕರ್ತವ್ಯ ಪೂರೈಸಲಾಗದು. ಪ್ರತಿ ತಿಂಗಳ ಕೊನೆಯ ಬ್ಯಾಕಪ್ಪನ್ನು ಪ್ರತ್ಯೇಕವಾಗಿ ಇಡಬೇಕು. ಮೂರು ತಿಂಗಳಿಗೊಮ್ಮೆ ಬೇರೊಂದು ಗಣಕಯಂತ್ರದಲ್ಲಿ ಅದನ್ನು ತೆರೆದು ನೋಡಬೇಕು. ತೆರೆದು ನೋಡದ ಬ್ಯಾಕಪ್ ಇದ್ದರೂ ಅದನ್ನು ನೆಚ್ಚಿಕೊಳ್ಳುವಂತಿಲ್ಲ.

ನ್ಯಾಯಾಲಯದ ಎದುರು

ಉದರಿ ವಸೂಲಿಯ ದಾವೆಗಳಲ್ಲಿಯೂ ಈ ಶಿಸ್ತು ಪ್ರಯೋಜನಕ್ಕೆ ಬರುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 28ನೇ ಕಲಮಿನ ಪ್ರಕಾರ, ವ್ಯವಹಾರದ ಕ್ರಮದಲ್ಲಿ ನಿಯಮಿತವಾಗಿ ಇಟ್ಟ ಲೆಕ್ಕಪುಸ್ತಕಗಳು, ಗಣಕಯಂತ್ರದಲ್ಲಿರುವವೂ ಸೇರಿ, ಪ್ರಸ್ತುತ ಸಾಕ್ಷ್ಯವಾಗುತ್ತವೆ. ಆದರೆ ಅಷ್ಟರಿಂದಲೇ ಯಾರ ಮೇಲೂ ಹೊಣೆ ಹೊರಿಸಲು ಬರುವುದಿಲ್ಲ. ಬಿಲ್ಲು, ತೂಕದ ಚೀಟಿ ಮುಂತಾದ ಪೂರಕ ದಾಖಲೆಗಳು ಬೇಕು. ಗಣಕಯಂತ್ರದ ದಾಖಲೆಯನ್ನು ಹಾಜರುಪಡಿಸುವಾಗ 63ನೇ ಕಲಮಿನಂತೆ ಕೊಡುವ ಪ್ರಮಾಣಪತ್ರದಲ್ಲಿ ಕಡತದ 'ಹ್ಯಾಶ್ ಮೌಲ್ಯ'ವನ್ನೂ ನಮೂದಿಸಬೇಕು. ಇದು ಕಡತದ ಬೆರಳಚ್ಚಿನಂತೆ. ಒಂದು ಅಂಕಿ ಬದಲಾದರೂ ಬೆರಳಚ್ಚು ಬದಲಾಗುತ್ತದೆ. ಗಿಟ್ ವ್ಯವಸ್ಥೆಯು ಪ್ರತಿಯೊಂದು ಆವೃತ್ತಿಯನ್ನು ಗುರುತಿಸುವುದೂ ಇಂತಹ ಬೆರಳಚ್ಚಿನಿಂದಲೇ. ವರ್ಷಾಂತ್ಯದ ಬ್ಯಾಕಪ್ಪಿನ ಹ್ಯಾಶ್ ಮೌಲ್ಯವನ್ನು ಅಂದೇ ಬರೆದಿಟ್ಟ ವರ್ತಕನು, ನಂತರ ಆ ಕಡತವನ್ನು ಯಾರೂ ಮುಟ್ಟಿಲ್ಲವೆಂದು ಧೈರ್ಯದಿಂದ ಹೇಳಬಲ್ಲನು.

ಈ ಕ್ರಮಗಳಲ್ಲಿ ಯಾವುದಕ್ಕೂ ಹೆಚ್ಚಿನ ಹಣ ಬೇಕಾಗಿಲ್ಲ. ಪ್ರತ್ಯೇಕ ಬಳಕೆದಾರ ಹೆಸರುಗಳು, ಚಾಲನೆಯಲ್ಲಿರುವ ಎಡಿಟ್ ಲಾಗ್, ಬೀಗ ಹಾಕಿದ ತಿಂಗಳು, ಊರಾಚೆಗೊಂದು ಪ್ರತಿ, ಇವಿಷ್ಟನ್ನು ಒಂದು ಭಾನುವಾರ ಕುಳಿತು ವ್ಯವಸ್ಥೆಗೊಳಿಸಬಹುದು. ಹೊಸ ಆರ್ಥಿಕ ವರ್ಷಕ್ಕಾಗಿ ಕಾಯದೆ, ಮುಂದಿನ ತಿಂಗಳ ಮೊದಲ ತಾರೀಖಿನಿಂದಲೇ ಇದನ್ನು ಆಚರಣೆಗೆ ತರುವುದು ವರ್ತಕ ಹಾಗೂ ಉದ್ಯಮಿ ಬಾಂಧವರಿಗೆ ಶ್ರೇಯಸ್ಕರ.