ಪೊಟ್ಟಣದ ಮೇಲಿನ ಹೆಸರು ಯಾರದು?

ಚಾಲಿ ಅಡಿಕೆಯನ್ನು ಮಂಡಿಗೆ ಒಯ್ದಾಗ ಬೆಳೆದವನ ಹೆಸರನ್ನು ಗಿರಾಕಿ ಕೇಳುವುದಿಲ್ಲ. ಹೊಸತೋ ಹಳತೋ, ಪಟೋರ ಎಷ್ಟು, ಕರಿಗೋಟು ಎಷ್ಟು ಎಂದು ನೋಡಿ ದರ ಹೇಳುತ್ತಾರೆ. ಕಾಫಿಯ ಕತೆಯೂ ಅಷ್ಟೇ. ಚೆರಿಯೋ ಪಾರ್ಚ್‌ಮೆಂಟೋ, ಔಟ್‌ಟರ್ನ್ ಎಷ್ಟು ಬಂತು ಎಂಬಲ್ಲಿಗೆ ಮಾತು ಮುಗಿಯುತ್ತದೆ. ಹೀಗಾಗಿ ಹೆಸರು ಕೂಡ ಒಂದು ಆಸ್ತಿ, ಅದಕ್ಕೂ ಗಡಿಕಲ್ಲು ಉಂಟು, ಗಡಿ ದಾಟಿದರೆ ತಕರಾರು ಬರುತ್ತದೆ ಎಂಬ ಅನುಭವ ನಮ್ಮ ಬೆಳೆಗಾರರಿಗೆ ಕಡಿಮೆ. ಮೂಟೆ ಬಿಟ್ಟು ಪೊಟ್ಟಣ ಮಾರಲು ಹೊರಟವರಿಗೆ ಈ ತಕರಾರು ಮೊದಲ ವರ್ಷದಲ್ಲೇ ಎದುರಾಗಬಹುದು.

ಮೊಬೈಲ್ ಮೂಲಕ ಮಾರಾಟವೆಂಬುದು ಈಗ ಹೊಸ ವಿಚಾರವಲ್ಲ. ಮಣಿಪಾಲದ ಮಗ್ಗುಲಿನ ಅಲೆವೂರಿನಂಥ ಊರಿನಲ್ಲಿ ಕುಳಿತು ದೆಹಲಿಯ ಮನೆಯೊಂದಕ್ಕೆ ಹಾಳೆ ತಟ್ಟೆ ಕಳುಹಿಸಬಹುದು. ಅಂಗಡಿಗೆ ಬಾಡಿಗೆ ಕೊಡಬೇಕಾಗಿಲ್ಲ, ದಲ್ಲಾಳಿಯ ಮುಖ ನೋಡಬೇಕಾಗಿಲ್ಲ. ಆದರೆ ಆ ಪೇಟೆಗೂ ಒಬ್ಬ ಯಜಮಾನನಿದ್ದಾನೆ, ಅವನದೇ ಕಟ್ಟುಪಾಡುಗಳಿವೆ. ಅವುಗಳಲ್ಲಿ ಬ್ರ್ಯಾಂಡಿಗೆ, ಅಂದರೆ ಸರಕಿನ ಹೆಸರಿಗೆ ಸಂಬಂಧಿಸಿದವು ಬಹಳ ಬಿಗಿ.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಅಲೆವೂರಿನಲ್ಲಿ ಒಂದೂವರೆ ಎಕರೆ ಅಡಿಕೆ, ತೆಂಗು ಇರುವ ಒಬ್ಬ ಕೃಷಿಕರು. ಪತ್ನಿಯ ತವರು ಕೊಪ್ಪದ ಕಡೆ. ಅಲ್ಲಿಂದ ರೊಬಸ್ಟಾ ಬೀಜ ತರಿಸಿ, ಹುರಿದು ಪುಡಿ ಮಾಡಿಸಿ, ಹೆಸರು ಮುದ್ರಿಸದ ಸಾದಾ ಚೀಲದಲ್ಲಿ 250 ಗ್ರಾಂ ತುಂಬಿಸುತ್ತಾರೆ. ಜತೆಗೆ ತೋಟದ ಹಾಳೆಯ ತಟ್ಟೆಗಳು. ಮಗ ಖಾತೆ ತೆರೆದುಕೊಡುತ್ತಾನೆ. ಬ್ರ್ಯಾಂಡ್ ಎಂಬ ಕಲಮಿನಲ್ಲಿ ‘ಶ್ರೀಕೃಷ್ಣ’ ಎಂದು ತುಂಬುತ್ತಾನೆ. ಶೀರ್ಷಿಕೆಯಲ್ಲಿ ‘ಚಿಕ್ಕಮಗಳೂರು ಅರೇಬಿಕಾ’ ಎಂದು ಬರೆಯುತ್ತಾನೆ. ಹುಡುಕುವವರ ಕಣ್ಣಿಗೆ ಬೀಳಲೆಂದು ಪ್ರಸಿದ್ಧ ಕಾಫಿ ಕಂಪೆನಿಯೊಂದರ ಹೆಸರನ್ನು ಹುಡುಕು ಪದಗಳಲ್ಲಿ ಸೇರಿಸುತ್ತಾನೆ. ತಟ್ಟೆಗೆ ಹೊಸ ಪುಟ ಮಾಡುವ ಶ್ರಮವೇಕೆಂದು, ಬೇರೊಬ್ಬರ ತಟ್ಟೆಯ ಪುಟಕ್ಕೇ ತನ್ನ ದರ ಜೋಡಿಸುತ್ತಾನೆ. ಇಪ್ಪತ್ತು ದಿನ ವ್ಯಾಪಾರ ಚೆನ್ನಾಗಿಯೇ ನಡೆಯುತ್ತದೆ. ಇಪ್ಪತ್ತೊಂದನೆಯ ದಿನ ನೋಟೀಸು. ಪುಟಗಳು ಮಾಯ, ಬರಬೇಕಾದ ಹಣಕ್ಕೆ ತಡೆ, ಕಂಪೆನಿಯ ಗೋದಾಮಿನಲ್ಲಿದ್ದ ಪೊಟ್ಟಣಗಳು ಅಲ್ಲಿಯೇ ಬಾಕಿ.

ಇಲ್ಲಿ ಮೋಸ ಮಾಡಬೇಕೆಂಬ ಬುದ್ಧಿ ಯಾರಿಗೂ ಇರಲಿಲ್ಲ. ಆದರೂ ತಪ್ಪುಗಳು ನಾಲ್ಕಾದವು.

ಪುಟದಲ್ಲಿ ಬರೆದ ಬ್ರ್ಯಾಂಡು ಸರಕಿನ ಮೇಲೆ ಅಥವಾ ಅದರ ಪೊಟ್ಟಣದ ಮೇಲೆ ಅಳಿಸಿಹೋಗದಂತೆ ಮುದ್ರಿತವಾಗಿರಬೇಕು, ಅದೂ ಅಕ್ಷರ ಅಕ್ಷರ ತಾಳೆಯಾಗುವಂತೆ. ಹೆಸರಿಲ್ಲದ ಸರಕನ್ನು ಅಮೆಜಾನ್‌ನಂಥ ಕಡೆ ‘ಜೆನೆರಿಕ್’ ಎಂದೇ ನಮೂದಿಸಬೇಕು. ಇದು ಮೊದಲನೆಯದು. ಹುಡುಕು ಪದಗಳು ಗಿರಾಕಿಗೆ ಕಾಣದಿದ್ದರೂ ಕಂಪೆನಿಯ ಯಂತ್ರಕ್ಕೆ ಕಾಣುತ್ತವೆ. ಅಲ್ಲಿ ಪರರ ಹೆಸರು ಬಳಸುವುದು ಎರಡನೆಯ ತಪ್ಪು. ಬೇರೊಬ್ಬರ ಬ್ರ್ಯಾಂಡಿನ ಪುಟಕ್ಕೆ ಅಂಟಿಕೊಂಡು ನಮ್ಮ ತಟ್ಟೆ ಕಳುಹಿಸಿದರೆ, ಅದು ಎಷ್ಟೇ ಒಳ್ಳೆಯ ತಟ್ಟೆಯಾದರೂ ಆ ಪುಟದ ಮಟ್ಟಿಗೆ ನಕಲಿ ಮಾಲು. ನೋಟೀಸುಗಳಲ್ಲಿ ಅತಿ ಕೆಟ್ಟದ್ದು ಇದೇ. ನಾಲ್ಕನೆಯದು ಊರಿನ ಹೆಸರಿನದು. ಅದನ್ನು ಮುಂದೆ ನೋಡೋಣ.

ನೋಟೀಸು ಬಂದ ಕೂಡಲೇ ಜನ ಮಾಡುವ ಕೆಲಸವೆಂದರೆ ಪತ್ನಿಯ ಹೆಸರಿನಲ್ಲಿ ಇನ್ನೊಂದು ಖಾತೆ ತೆರೆಯುವುದು. ಇದನ್ನು ದಯವಿಟ್ಟು ಮಾಡಬೇಡಿ. ವಿಳಾಸ, ಬ್ಯಾಂಕ್ ಖಾತೆ, ಫೋನು ಇವುಗಳನ್ನು ಹೋಲಿಸಿ ಕಂಪೆನಿಯವರು ಎರಡಕ್ಕೂ ನಂಟು ಕಂಡುಹಿಡಿಯುತ್ತಾರೆ, ಆಗ ಎರಡೂ ಹೋಗುತ್ತವೆ. ತಕರಾರಿನ ಪುಟ ಅಳಿಸಿ ಅದನ್ನೇ ಮತ್ತೆ ಏರಿಸುವುದೂ ಸಲ್ಲದು. ಮೊದಲು ನೋಟೀಸನ್ನು ಓದಬೇಕು. ಯಾವ ಸರಕು, ಯಾವ ಬಗೆಯ ದೂರು, ದೂರು ಕೊಟ್ಟವರು ಕಂಪೆನಿಯೇ ಅಥವಾ ಹೊರಗಿನ ಬ್ರ್ಯಾಂಡಿನ ಮಾಲೀಕರೇ ಎಂಬುದು ಅದರಲ್ಲಿರುತ್ತದೆ. ಉತ್ತರ ಚಿಕ್ಕದಾಗಿರಲಿ: ಏನಾಯಿತು, ಈಗ ಏನು ಸರಿಪಡಿಸಿದ್ದೇವೆ, ಮುಂದೆ ಆಗದಂತೆ ಏನು ವ್ಯವಸ್ಥೆ. ನಮ್ಮ ಬಡತನ, ಮಕ್ಕಳ ಓದು, ಮಳೆಗೆ ಹೋದ ಬೆಳೆ ಎಲ್ಲವೂ ನಿಜವೇ ಇರಬಹುದು, ಆದರೆ ಅಲ್ಲಿ ಓದುವವನಿಗೆ ಅದರಿಂದ ಉಪಯೋಗವಿಲ್ಲ. ದೂರು ಹೊರಗಿನವರದಾದರೆ ಅವರಿಗೂ ಸೌಜನ್ಯದಿಂದ ಬರೆದು, ಸರಿಪಡಿಸಿದ್ದನ್ನು ತೋರಿಸಿ, ದೂರು ಹಿಂಪಡೆಯುವಂತೆ ಕೇಳಬೇಕು. ಅವರು ಹಿಂಪಡೆದರೆ ಅರ್ಧ ಕೆಲಸ ಆದಂತೆ. ದೂರೇ ಬುಡವಿಲ್ಲದ್ದಾದರೆ ಹೆದರಬೇಕಾಗಿಲ್ಲ. ಬುಡವಿಲ್ಲದ ಬೆದರಿಕೆ ಹಾಕಿದವರ ಮೇಲೆ ದಾವೆ ಹೂಡಲು 1999ರ ಟ್ರೇಡ್‌ಮಾರ್ಕ್ ಕಾಯಿದೆಯ 142ನೆಯ ಕಲಮಿನಲ್ಲಿ ಅವಕಾಶವಿದೆ.

ಇನ್ನು ಬಿಲ್ಲಿನ ವಿಚಾರ. ಸಣ್ಣ ಬೆಳೆಗಾರ ನಿಜವಾಗಿ ಸೋಲುವುದು ಇಲ್ಲಿ, ಆದ್ದರಿಂದ ತುಸು ವಿವರವಾಗಿ ಹೇಳುತ್ತೇವೆ. ಸರಕು ಅಸಲಿ ಎಂದು ತೋರಿಸಲು ಕಂಪೆನಿ ಸಾಮಾನ್ಯವಾಗಿ ಕೇಳುವುದು ಖರೀದಿ ಬಿಲ್ಲು. ವ್ಯಾಪಾರಿಯಾದರೆ ಸಗಟು ಅಂಗಡಿಯ ಬಿಲ್ಲು ಎತ್ತಿ ಕೊಟ್ಟಾನು. ತನ್ನ ತೋಟದಲ್ಲಿ ತಾನೇ ಬೆಳೆದವನು ಯಾರ ಬಿಲ್ಲು ಕೊಡಬೇಕು? ಎಲ್ಲರಿಗಿಂತ ಅಸಲಿ ಮಾಲು ಇರುವವನ ಕೈಯಲ್ಲೇ ಕಾಗದ ಇಲ್ಲ! ನಿಯಮ ಬರೆದವರಿಗೆ ತೋಟವೆಂಬುದೊಂದು ಇದೆ ಎಂದು ನೆನಪಾಗಲಿಲ್ಲವೋ ಏನೋ. ಅವರು ಬದಲಾಗುವವರೆಗೆ ನಾವು ಕಾಯುವಂತಿಲ್ಲ. ಬೆಳೆಗಾರನಿಗೂ ಕಾಗದ ಹುಟ್ಟುವ ಜಾಗಗಳಿವೆ. ಜಮೀನಿನ ಆರ್‌ಟಿಸಿಯಲ್ಲಿ ಬೆಳೆಯ ನಮೂದು ಇರುತ್ತದೆ, ಅದು ಸರಿಯಾಗಿದೆಯೇ ನೋಡಿಕೊಳ್ಳಿ. ಕಾಫಿ ತೋಟಕ್ಕೆ ಕಾಫಿ ಮಂಡಳಿಯ ನೋಂದಣಿ ಇದೆ. ಕ್ಯೂರಿಂಗ್ ಮಾಡಿಸಿದಲ್ಲಿ, ಹುರಿದು ಪುಡಿ ಮಾಡಿಸಿದಲ್ಲಿ ತೂಕ ಬರೆದ ರಸೀದಿ ಕೇಳಿ ಪಡೆಯಿರಿ. ‘ಗುರುತಿನವರು, ಬಿಲ್ಲು ಯಾಕೆ’ ಎಂಬ ದಾಕ್ಷಿಣ್ಯ ಬೇಡ. ಚೀಲ ಮುದ್ರಿಸಿದ ಪ್ರೆಸ್ಸಿನ ಬಿಲ್ಲು ಬಹಳ ಮುಖ್ಯ, ಏಕೆಂದರೆ ಹೆಸರು ಅಚ್ಚಾದ ತಾರೀಕು ಅದರಲ್ಲಿದೆ. ನೆಂಟರಿಂದ ಬೀಜ ತರಿಸಿದರೂ ಒಂದು ಬಿಲ್ಲು ಬರೆಸಿ. ಸಂಘದ ಮೂಲಕ ಸಂಸ್ಕರಿಸಿದ ಮಾಲಿಗೆ ಸಂಘದ್ದೇ ಬಿಲ್ಲು ಸಿಗುತ್ತದೆ, ಇಂಥ ತಕರಾರಿನಲ್ಲಿ ಅದಕ್ಕೆ ಹೆಚ್ಚು ಬೆಲೆ.

ಪೊಟ್ಟಣದ ಮೇಲೆ ಕಾನೂನು ಕೇಳುವ ಇತರ ವಿಷಯಗಳನ್ನು ಬಲ್ಲವರು ಬಲ್ಲರು. ತಯಾರಿಸಿದವರ ಅಥವಾ ತುಂಬಿದವರ ಹೆಸರು ವಿಳಾಸ, ನಿವ್ವಳ ತೂಕ, ತಿಂಗಳು ವರ್ಷ, ಗರಿಷ್ಠ ಮಾರಾಟ ಬೆಲೆ, ಆಹಾರ ವಸ್ತುವಾದರೆ 14 ಅಂಕಿಗಳ ಎಫ್‌ಎಸ್‌ಎಸ್‌ಎಐ ಸಂಖ್ಯೆ. ಚಿಕೋರಿ ಬೆರೆಸಿದ್ದರೆ ಕಾಫಿ ನೂರಕ್ಕೆ 51ಕ್ಕಿಂತ ಕಡಿಮೆ ಇರಬಾರದು, ಬೆರಕೆಯ ಪ್ರಮಾಣವನ್ನು ಚೀಲದ ಮೇಲೆ ಹೇಳಬೇಕು. ಪುಟದಲ್ಲಿ ‘ಶುದ್ಧ ಕಾಫಿ’ ಎಂದು ಬರೆದು ಚೀಲದಲ್ಲಿ ಚಿಕೋರಿ ಇದ್ದರೆ ಅದು ಬ್ರ್ಯಾಂಡಿನ ತಕರಾರನ್ನೂ ಮೀರಿದ್ದು.

ಹೆಸರು ಆರಿಸುವಾಗ ದೇವರ ಹೆಸರು ನಮಗೆ ಮೊದಲು ನೆನಪಾಗುತ್ತದೆ. ಉಡುಪಿಯ ಸುತ್ತ ‘ಶ್ರೀಕೃಷ್ಣ’ ಎಂಬ ಫಲಕವಿಲ್ಲದ ಬೀದಿ ಇದೆಯೇ? ಭಕ್ತಿ ಇರಲಿ, ಆದರೆ ಎಲ್ಲರದೂ ಆದ ಹೆಸರನ್ನು ನಮ್ಮದೊಬ್ಬರದೇ ಎಂದು ಕಾಪಾಡಿಕೊಳ್ಳುವುದು ಕಷ್ಟ. ನಮ್ಮ ರಾಜ್ಯದ್ದೇ ಪ್ರಕರಣವೊಂದು ಇದನ್ನು ಚೆನ್ನಾಗಿ ತೋರಿಸುತ್ತದೆ. ಕರ್ನಾಟಕ ಹಾಲು ಮಹಾಮಂಡಳಿ ‘ನಂದಿನಿ’ ಹೆಸರನ್ನು 1985ರಿಂದ ಬಳಸುತ್ತಿದೆ. ಬೆಂಗಳೂರಿನ ನಂದಿನಿ ಡಿಲಕ್ಸ್ ಹೋಟೆಲಿನವರು 1989ರಿಂದ ತಮ್ಮ ಹೋಟೆಲುಗಳಿಗೆ ಅದೇ ಹೆಸರಿಟ್ಟುಕೊಂಡು ಆಹಾರ ಪದಾರ್ಥಗಳಿಗೆ ನೋಂದಣಿ ಕೇಳಿದರು. ಮಹಾಮಂಡಳಿ ಆಕ್ಷೇಪಿಸಿತು. 2007ರಲ್ಲಿ ನೋಂದಣಾಧಿಕಾರಿ ಹೋಟೆಲಿನ ಪರ, 2011ರಲ್ಲಿ ಮೇಲ್ಮನವಿ ಮಂಡಳಿ ಮಹಾಮಂಡಳಿಯ ಪರ, 2014ರಲ್ಲಿ ಉಚ್ಚ ನ್ಯಾಯಾಲಯವೂ ಮಹಾಮಂಡಳಿಯ ಪರ. ಕೊನೆಗೆ 2018ರ ಜುಲೈ 26ರಂದು ಸುಪ್ರೀಂ ಕೋರ್ಟು ಹೋಟೆಲಿನ ಪರ ತೀರ್ಪಿತ್ತಿತು. ನಂದಿನಿ ಎಂಬುದು ಪುರಾಣದಿಂದ ಬಂದ ಹೆಸರು, ಯಾರೂ ಹೊಸದಾಗಿ ಕಟ್ಟಿದ್ದಲ್ಲ. ಹಾಲು ಬೇರೆ, ಹೋಟೆಲಿನ ತಿನಿಸು ಬೇರೆ. ಎರಡರ ಗುರುತೂ ಕಣ್ಣಿಗೆ ಬೇರೆಯಾಗಿಯೇ ಕಾಣುತ್ತದೆ. ಹಾಲು ಮತ್ತು ಹಾಲಿನ ಉತ್ಪನ್ನಗಳಿಗೆ ಮಾತ್ರ ಹೋಟೆಲಿನವರು ಆ ಹೆಸರು ಬಳಸುವಂತಿಲ್ಲ ಎಂದಾಯಿತು. ಲಕ್ಷಾಂತರ ಹೈನುಗಾರರ ಬಲವಿರುವ ಮಹಾಮಂಡಳಿಗೇ ಇಷ್ಟು ಕಾಲ ಅಲೆದಾಟವಾದರೆ, ಒಂದೂವರೆ ಎಕರೆಯವನ ಪಾಡೇನು? ದೇವರನ್ನು ಚೀಲದ ಮೂಲೆಯಲ್ಲಿ ಚಿಕ್ಕದಾಗಿ ಇಟ್ಟು, ಹೆಸರಿಗೆ ಬೇರೆ ಯಾರೂ ಬಳಸದ ಪದವೊಂದನ್ನು ಹುಡುಕುವುದು ಲೇಸೆಂದು ನಮ್ಮ ಅಭಿಪ್ರಾಯ. ಮನೆತನದ ಹೆಸರು, ತೋಟದ ಹಳೆಯ ಹೆಸರು ಇವು ಒಳ್ಳೆಯವು.

ನೋಂದಣಿಯ ಖರ್ಚು ಜನ ಹೆದರುವಷ್ಟಿಲ್ಲ. ಒಬ್ಬ ವ್ಯಕ್ತಿಯಾಗಿ ಅಥವಾ ಸಣ್ಣ ಉದ್ಯಮವಾಗಿ ಆನ್‌ಲೈನಿನಲ್ಲಿ ಅರ್ಜಿ ಹಾಕಿದರೆ ಒಂದು ವರ್ಗಕ್ಕೆ ಶುಲ್ಕ 4,500 ರೂಪಾಯಿ, ಉಳಿದವರಿಗೆ 9,000. ಕಾಫಿ ಪುಡಿ 30ನೆಯ ವರ್ಗ, ಸಂಸ್ಕರಿಸದ ಕೃಷಿ ಉತ್ಪನ್ನ 31, ತಟ್ಟೆ ಲೋಟ 21. ಪತ್ರಿಕೆಯಲ್ಲಿ ಪ್ರಕಟವಾದ ಮೇಲೆ 4 ತಿಂಗಳು ಆಕ್ಷೇಪಣೆಗೆ ಬಿಡುತ್ತಾರೆ. ನೋಂದಣಿಯಾದರೆ ಅರ್ಜಿಯ ದಿನದಿಂದ 10 ವರ್ಷ, ಅನಂತರ ನವೀಕರಣ. ಅಮೆಜಾನ್‌ನ ಬ್ರ್ಯಾಂಡ್ ನೋಂದಣಿ ಪಟ್ಟಿಗೆ ಸೇರಲು ಟ್ರೇಡ್‌ಮಾರ್ಕ್ ಬೇಕು; ನಮ್ಮ ದೇಶದಲ್ಲಿ ಅರ್ಜಿ ಹಾಕಿದ ಹಂತದಲ್ಲೂ ಸೇರಿಸಿಕೊಳ್ಳುತ್ತಾರೆ. ನೋಂದಣಿ ಆಗುವವರೆಗೆ ಚೀಲದ ಮೇಲೆ ವೃತ್ತದೊಳಗಿನ ‘ಆರ್’ ಗುರುತು ಹಾಕಬಾರದು. ‘ಟಿಎಂ’ ಎಂದು ಹಾಕಬಹುದು.

ನೋಂದಣಿ ಮಾಡಿಸದೆ ಬಹುಕಾಲದಿಂದ ಒಂದು ಹೆಸರಿನಲ್ಲಿ ಮಾರುತ್ತಾ ಬಂದವರು ಎದೆಗುಂದಬೇಕಿಲ್ಲ. ತಿರುನೆಲ್ವೇಲಿಯ ಪ್ರಸಿದ್ಧ ‘ಇರುಟ್ಟುಕಡೈ ಹಲ್ವ’ದ ವ್ಯಾಜ್ಯದಲ್ಲಿ, ಮುಂಚಿನಿಂದ ಹೆಸರು ಬಳಸಿದವರ ಹಕ್ಕು ಅನಂತರ ಬಂದು ನೋಂದಾಯಿಸಿಕೊಂಡವರ ಹಕ್ಕಿಗಿಂತ ಮೇಲು ಎಂದು ಸುಪ್ರೀಂ ಕೋರ್ಟು 2015ರಲ್ಲಿ ಹೇಳಿದೆ. ಆದರೆ ಮುಂಚಿನಿಂದ ಬಳಸಿದ್ದಕ್ಕೆ ರುಜು ಬೇಕು. ಮತ್ತೆ ಆ ಹಳೆಯ ಬಿಲ್ಲುಗಳೇ.

ಇಷ್ಟರವರೆಗೆ ನಮ್ಮಿಂದ ಆಗುವ ತಪ್ಪುಗಳನ್ನು ಹೇಳಿದೆವು. ನಮ್ಮ ಹೆಸರಿಗೆ ಬೇರೆಯವರು ಅಂಟಿಕೊಂಡರೆ? ದೆಹಲಿ ಉಚ್ಚ ನ್ಯಾಯಾಲಯದ ಮುಂದೆ ಇಂಥದೇ ಪ್ರಕರಣ ಬಂದಿತ್ತು. ‘ವಿ ಟ್ರೆಡಿಷನ್’ ಎಂಬ ಹೆಸರಿನಲ್ಲಿ ಮಹಿಳೆಯರ ಉಡುಪು ಮಾರುತ್ತಿದ್ದ ವ್ಯಾಪಾರಿಯ ಪುಟಕ್ಕೆ, ಫ್ಲಿಪ್‌ಕಾರ್ಟಿನಲ್ಲಿದ್ದ ಒಂದು ಸೌಲಭ್ಯ ಬಳಸಿ ಬೇರೆ ಮಾರಾಟಗಾರರು ತಮ್ಮನ್ನು ಜೋಡಿಸಿಕೊಂಡಿದ್ದರು. ಅವರದೇ ಹೆಸರು, ಅವರದೇ ಚಿತ್ರ, ಮಾಲು ಮಾತ್ರ ಬೇರೆಯವರದು. ಮಾಲೀಕನ ಒಪ್ಪಿಗೆಯಿಲ್ಲದೆ ಹೀಗೆ ಮಾಡಿಕೊಡುವುದು ಸಲ್ಲದೆಂದು 2022ರ ಆಗಸ್ಟ್‌ನಲ್ಲಿ ನ್ಯಾಯಾಲಯ ಹೇಳಿ, ಆ ಹೆಸರಿನ ಮಟ್ಟಿಗೆ ಸೌಲಭ್ಯವನ್ನು ನಿಲ್ಲಿಸಲು ಆದೇಶಿಸಿತು. ಹಾಗೆಂದು ಯಾರಾದರೂ ನಮ್ಮಿಂದಲೇ ಕ್ರಯಕ್ಕೆ ಪಡೆದ ಪೊಟ್ಟಣವನ್ನು ಒಡೆಯದೆ, ಬದಲಾಯಿಸದೆ ಮರುಮಾರಾಟ ಮಾಡಿದರೆ ಅದಕ್ಕೆ ಕಾನೂನಿನ ಅಡ್ಡಿಯಿಲ್ಲ. ಈ ವ್ಯತ್ಯಾಸ ತಿಳಿಯದೆ ದೂರು ಹಾಕಿದರೆ ತಪ್ಪು ನಮ್ಮದಾಗುತ್ತದೆ. ಸಂಶಯ ಬಂದರೆ ಆ ಮಾರಾಟಗಾರನಿಂದ ನಾವೇ ಒಂದು ಪೊಟ್ಟಣ ತರಿಸಿ ನೋಡುವುದು ಒಳ್ಳೆಯ ಉಪಾಯ. ನಾಲ್ಕುನೂರು ರೂಪಾಯಿಯ ಸಾಕ್ಷಿ!

ಇನ್ನು ಊರಿನ ಹೆಸರು. ‘ಅಲೆವೂರು ಕಾಫಿ’, ‘ಮಲೆನಾಡು ಕಾಫಿ’ ಎಂದು ಟ್ರೇಡ್‌ಮಾರ್ಕ್ ಕೇಳಿದರೆ, ಊರು ಸೀಮೆಯನ್ನಷ್ಟೇ ಹೇಳುವ ಹೆಸರು ಒಬ್ಬರ ಸ್ವತ್ತಾಗದೆಂದು ಆಕ್ಷೇಪಣೆ ಬರುವುದೇ ಹೆಚ್ಚು. ಊರಿಗೆ ಊರೇ ಸೇರಿ ಪಡೆಯುವ ಹಕ್ಕು ಬೇರೆ ಇದೆ. ಅದೇ ಭೌಗೋಳಿಕ ಸೂಚಿಕೆ, ಜನರ ಬಾಯಲ್ಲಿ ಜಿಐ. ಕೂರ್ಗ್ ಅರೇಬಿಕಾ, ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾಗಳಿಗೆ 2019ರಲ್ಲಿ ಇದು ದೊರೆಯಿತು. ಅರ್ಜಿದಾರರು ಕಾಫಿ ಮಂಡಳಿ. ಅದೇ ವರ್ಷ ಶಿರಸಿ ಸುಪಾರಿಗೂ ಬಂತು. ಅಲ್ಲಿ ಮುಂದೆ ನಿಂತದ್ದು ತೋಟಗಾರರ ಸಹಕಾರಿ ಸಂಘವೇ ಆದ ಶಿರಸಿಯ ಟಿಎಸ್‌ಎಸ್. ಆದುದರಿಂದ ರೊಬಸ್ಟಾ ಪುಡಿಯ ಮೇಲೆ ‘ಚಿಕ್ಕಮಗಳೂರು ಅರೇಬಿಕಾ’ ಎಂದು ಬರೆಯುವುದು ಬರಿಯ ಉತ್ಪ್ರೇಕ್ಷೆಯಲ್ಲ, ಒಂದು ಜಿಲ್ಲೆಯ ಬೆಳೆಗಾರರೆಲ್ಲರ ಹಕ್ಕಿನ ಮೇಲೆ ಕೈ ಹಾಕಿದಂತೆ. ನಮ್ಮ ಉದಾಹರಣೆಯ ನಾಲ್ಕನೆಯ ತಪ್ಪು ಇದು. ಬೀಜ ಕೊಪ್ಪದಿಂದಲೇ ಬಂದಿದೆ ಎಂಬ ಸಮಜಾಯಿಷಿ ಇಲ್ಲಿ ನಿಲ್ಲುವುದಿಲ್ಲ.

ಹೆಸರನ್ನು ಒಟ್ಟಾಗಿ ಕಾಯುವುದು ಹೇಗೆಂದು ನೋಡಲು ಅಲೆವೂರಿನವರು ದೂರ ಹೋಗಬೇಕಾಗಿಲ್ಲ. ಪಕ್ಕದ ಶಂಕರಪುರದ ಸೀಮೆಯ ಉಡುಪಿ ಮಲ್ಲಿಗೆಗೆ 2008ರಲ್ಲಿ, ಕಟಪಾಡಿಯಾಚೆಯ ಮಟ್ಟುಗುಳ್ಳಕ್ಕೆ 2011ರಲ್ಲಿ ಜಿಐ ಬಂದಿದೆ. ಬೇರೆ ಕಡೆಯ ಬದನೆಯನ್ನು ಮಟ್ಟುಗುಳ್ಳವೆಂದು ಮಾರುವುದು ಹೆಚ್ಚಾದಾಗ ಮಟ್ಟುವಿನ ಬೆಳೆಗಾರರ ಸಂಘದವರು ಗುಳ್ಳಗಳ ಮೇಲೆ ಚೀಟಿ ಅಂಟಿಸಲು ತೊಡಗಿದರು. ಬದನೆಗೂ ಗುರುತಿನ ಚೀಟಿಯೇ ಎಂದು ನಕ್ಕವರೂ ಇದ್ದಾರು. ಆದರೆ ಕೊಳ್ಳುವವನಿಗೆ ಅಸಲು ಯಾವುದೆಂದು ತಿಳಿಯಲು ಅದಕ್ಕಿಂತ ಸುಲಭದ ದಾರಿ ನಮಗೆ ತೋರುವುದಿಲ್ಲ.

ಜಿಐ ಇರುವ ಬೆಳೆಯನ್ನು ನಿಜವಾಗಿ ಬೆಳೆಯುವ ಸದಸ್ಯರು ‘ಅಧಿಕೃತ ಬಳಕೆದಾರ’ರಾಗಿ ತಮ್ಮ ಹೆಸರನ್ನೂ ಸೇರಿಸಿಕೊಳ್ಳಬಹುದು. ಆ ಪ್ರಮಾಣಪತ್ರ ಕೈಯಲ್ಲಿದ್ದರೆ ಊರಿನ ಹೆಸರಿನ ಬಗ್ಗೆ ನೋಟೀಸು ಬಂದಾಗ ತೋರಿಸಲು ಅದಕ್ಕಿಂತ ಗಟ್ಟಿಯಾದ ಕಾಗದ ಬೇರಿಲ್ಲ. ಅರ್ಜಿ ಹೋಗಬೇಕಾದದ್ದು ಚೆನ್ನೈಯಲ್ಲಿರುವ ಭೌಗೋಳಿಕ ಸೂಚಿಕೆ ನೋಂದಣಿ ಕಚೇರಿಗೆ, ನಮೂನೆ ಜಿಐ-3. ಮೊದಲು 500 ರೂಪಾಯಿ ಇದ್ದ ಅರ್ಜಿ ಶುಲ್ಕವನ್ನು 2020ರಲ್ಲಿ 10 ರೂಪಾಯಿಗೆ ಇಳಿಸಿದ್ದಾರೆ.